ಮಾರ್ಚ್ ಮೂವತ್ತೊಂದರೊಳಗೆ

ಬ್ಯಾಂಕಿನ ಫೋನಿನಲ್ಲಿ ಮತ್ತೆ ಅದೇ ಟ್ಯೂನು, ಮೂರನೇ ಸಲ ಮೊದಲಿನಿಂದ, ದಯವಿಟ್ಟು ಕಾಯಿರಿ ಎನ್ನುತ್ತಾಳೆ ಒಬ್ಬಳು, ಕಾಯುತ್ತೇನೆ ತಾಯಿ, ಐದು ತಿಂಗಳು ಕಾದವಳಿಗೆ ಐದು ನಿಮಿಷ ಯಾವ ಲೆಕ್ಕ — ಮೇಜಿನ ಮೇಲೆ ಮೂರು ಕ್ರೆಡಿಟ್ ಕಾರ್ಡು, ಒಂದು ಚಿನ್ನದ ಬಣ್ಣದ್ದು, ಒಂದು ರೈಲಿನದು, ಒಂದು ಪೆಟ್ರೋಲಿನದು, ಸೈಕಲ್ಲೂ ಇಲ್ಲದ ನನಗೆ ಪೆಟ್ರೋಲ್ ಕಾರ್ಡು, ಒಂದನ್ನೂ ಯಾವ ಅಂಗಡಿಯಲ್ಲೂ ಉಜ್ಜಿಲ್ಲ, ಎಲ್ಲ ಮೈದುನ ವೆಂಕಟಗಿರಿಯ ಸಲುವಾಗಿ, ಕಾರ್ಡು ಮಾರುವ ಕೆಲಸ ಅವನದು, ಟಾರ್ಗೆಟ್ ಮುಟ್ಟದಿದ್ದಾಗಲೆಲ್ಲ ಸ್ಕೂಟರ್ ನಮ್ಮ ಬಸವೇಶ್ವರನಗರದ ಮನೆ ಮುಂದೆ ನಿಲ್ಲುತ್ತಿತ್ತು, ಅತ್ತಿಗೆ ಇಲ್ಲೊಂದು ಸೈನ್ ಹಾಕ್ಬಿಡಿ, ಬೀರುನಲ್ಲಿಟ್ಕೊಂಡಿರಿ ಸಾಕು, ಮನೆಯವ್ರೇ ಹಾಕ್ದೆ ಇನ್ಯಾರು ಹಾಕ್ತಾರೆ, ಸ್ಕೂಲಲ್ಲಿ ಕ್ಲಾರ್ಕು ಅಂದ್ರೆ ತಕ್ಷಣ ಪಾಸಾಗತ್ತೆ. ಹಾಕಿದೆ. ಕಾಫಿ ಕುಡಿಯುತ್ತಾ ಗುಟ್ಟನ್ನೂ ಅವನೇ ಬಿಟ್ಟುಕೊಟ್ಟ, ವರ್ಷ ತುಂಬೋ ಮುಂಚೆ ಕ್ಲೋಸ್ ಮಾಡ್ಬೇಡಿ ಅತ್ತಿಗೆ, ನನ್ನ ಲೆಕ್ಕದಿಂದ ಕಿತ್ತಾಕ್ತಾರೆ, ಮಾರ್ಚ್ ಮೂವತ್ತೊಂದಕ್ಕೆ ನಂಬರ್ ಇದ್ರೆ ಟೀಮ್ ಲೀಡರ್ ನಾನು. ಇವತ್ತು ಇಪ್ಪತ್ತೆಂಟು, ಎರಡು ಕಾರ್ಡು ಹೋದರೂ ಅವನಿಗೆ ಆ ಕುರ್ಚಿ ಇಲ್ಲ, ಅವನೇ ಹೇಳಿದ ಲೆಕ್ಕ, ನಾನು ಮೂರನ್ನೂ ಮುಚ್ಚಿಸುತ್ತೇನೆ, ಹೊಟ್ಟೆ ಉರಿಯಲಿ ಅವನದು, ನನ್ನದು ಉರಿದ ಹಾಗೆ.

ಕಾರ್ತಿಕದಲ್ಲಿ ಅವನ ಹೊಸ ಮನೆ, ಅನ್ನಪೂರ್ಣೇಶ್ವರಿ ನಗರದಲ್ಲಿ, ಗೃಹಪ್ರವೇಶಕ್ಕೆ ಬೆಳಗಿನ ಐದಕ್ಕೇ ಹೋಗಿ ತರಕಾರಿ ಹೆಚ್ಚಿದವಳು ನಾನು, ಆಮೇಲೆ ಹೆಂಗಸರ ಸಾಲಿನಲ್ಲಿ ಸುಮ್ಮನೆ ಕೂತೆ, ಅವನ ಹೆಂಡತಿ ಸ್ಪಂದನ ಕುಂಕುಮ ಹಚ್ಚುತ್ತಾ ಬಂದಳು, ಅವಸರದಲ್ಲಿ ನನಗೂ ಹಚ್ಚಿಬಿಟ್ಟಳು, ನಮ್ಮ ಯಜಮಾನರು ಹೋಗಿ ಎರಡು ವರ್ಷವಾಗಿತ್ತು, ಹಣೆ ತಣ್ಣಗಾಯಿತು, ಸುಳ್ಳೇಕೆ, ಸುಖವಾಯಿತು — ಅತ್ತಿಗೆ, ಒರೆಸ್ಕೊಂಡ್ಬಿಡಿ, ಹೊಸ ಮನೆ, ಜನ ನೋಡ್ತಾ ಇದಾರೆ, ವೆಂಕಟಗಿರಿ ಬಗ್ಗಿ ಮೆಲ್ಲಗೆ ಹೇಳಿ ಇಸ್ತ್ರಿ ಮಾಡಿದ ಕರವಸ್ತ್ರ ಚಾಚಿದ. ಸೈನ್ ಹಾಕಲು ನನ್ನ ಕೈ ಬೇಕು, ಹಣೆ ಮಾತ್ರ ಅಪಶಕುನ. ಟೀಮ್ ಲೀಡರ್ ಆಗದಿದ್ದರೆ ಸ್ಪಂದನಳಿಗೂ ಕಷ್ಟ, ಪಾಪ, ಏನು ಪಾಪ, ಅವಳೂ ನೆಲ ನೋಡುತ್ತಾ ನಿಂತಳಲ್ಲ — ಹಲೋ, ಅನಂತಲಕ್ಷ್ಮಿ ಮೇಡಂ, ಕಸ್ಟಮರ್ ಕೇರಿಂದ ಶಿಲ್ಪಾ ಮಾತಾಡ್ತಿರೋದು, ಮೂರೂ ಕ್ಲೋಸ್ ಮಾಡ್ಬೇಕಾ, ವರ್ಷದ ಫೀಸ್ ಬಿಡ್ತೀವಿ ಮೇಡಂ, ಇಟ್ಕೊಳ್ಳಿ. ಬೇಡಮ್ಮ, ಮುಚ್ಚಿ. ಕಾರಣ ಏನಂತ ಹಾಕ್ಲಿ. ಏನು ಹಾಕುತ್ತೀಯೋ ಹುಡುಗಿ, ಅಷ್ಟಕ್ಕೆಲ್ಲ ನಿನ್ನ ಕಂಪ್ಯೂಟರಿನಲ್ಲಿ ಜಾಗವಿದೆಯೇ, ಉಪಯೋಗಿಸ್ತಿಲ್ಲ ಅಂತ ಹಾಕಮ್ಮ. ಆಯ್ತು ಮೇಡಂ, ಮೂರೂ ಕ್ಲೋಸಾಯ್ತು, ಕಾರ್ಡ್ ಕತ್ತರಿಸಿ ಬಿಸಾಕಿ. ಕತ್ತರಿಸುತ್ತೇನೆ, ಚಿನ್ನದ್ದು ಮೊದಲು, ಕತ್ತರಿ ಜಾರುತ್ತದೆ, ಬಿಡುವುದಿಲ್ಲ, ನಾಳೆ ಓಡಿ ಬರುತ್ತಾನೆ, ಏನತ್ತಿಗೆ ಹೀಗ್ಮಾಡ್ಬಿಟ್ರಿ, ನಾನೇನು ಮಾಡಿದ್ದೆ ನಿಮಗೆ, ಆಗ ಹೇಳುತ್ತೇನೆ, ನನ್ನ ಹಣೆ ಒರೆಸಿದೆಯಲ್ಲೋ — ನಾನೆಲ್ಲಿ ಒರೆಸ್ದೆ ಅತ್ತಿಗೆ ಅನ್ನುತ್ತಾನೆ, ಅವನು ಚಾಚಿದ ಅಷ್ಟೇ, ನಾನು ಎದ್ದು ಹೋಗಬಹುದಿತ್ತು, ಬಸ್ಸಿತ್ತು, ಚಪ್ಪಲಿ ಬಾಗಿಲಲ್ಲೇ ಇತ್ತು, ಹೋಗಲಿಲ್ಲ, ತೆಗೆದುಕೊಂಡೆ, ಮಡಿಕೆ ಬಿಚ್ಚಿದೆ, ಒಂದು ಸಲ, ಇನ್ನೊಂದು ಸಲ, ಬಿಳಿ ಕರವಸ್ತ್ರದ ನಡುವೆ ಕೆಂಪು, ಹಣೆ ಎತ್ತಿ ತೋರಿಸಿದೆ, ಹೋಯ್ತಾ ವೆಂಕಟಗಿರಿ, ಪೂರ್ತಿ ಹೋಯ್ತಾ ನೋಡು, ಎಂದು ಅವನನ್ನೇ ಕೇಳಿದೆ, ಬಿಳಿಯ ನಡುವೆ ಕೆಂಪು, ಅವನನ್ನೇ ಕೇಳಿದೆ.