ಹಗಲು ಮನೆಯಲ್ಲಿ ಯಾರಿರುತ್ತಾರೆ

ಫ್ರಿಜ್ಜು ತಣ್ಣಗಾಗುತ್ತಿಲ್ಲ ಎಂದು ಗೋಳಾಡುವವರ ಮಾತು ಕೇಳುವುದೇ ಚಿನ್ನಿಯ ಹೊಟ್ಟೆಪಾಡು. ಫ್ರಿಜ್ಜು ಮಾಡುವ ಕಂಪನಿಯೊಂದರ ದೂರು ವಿಭಾಗದಲ್ಲಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಬೆಳಗಿನಿಂದ ಸಂಜೆಯವರೆಗೆ ಅವಳು ಅವೇ ಪ್ರಶ್ನೆಗಳನ್ನು ಕೇಳುತ್ತಾಳೆ. ಪ್ಲಗ್ಗು ಸರಿಯಾಗಿ ಕೂತಿದೆಯಾ? ಗೋಡೆಗೂ ಫ್ರಿಜ್ಜಿಗೂ ನಡುವೆ ಒಂದು ಗೇಣು ಜಾಗ ಇದೆಯಾ? ಹಿಂದಿನ ಜಾಲರಿಗೆ ಧೂಳು ಹಿಡಿದಿದೆಯಾ? ಬಾಗಿಲಿನ ರಬ್ಬರು ಸಡಿಲವಾಗಿದೆಯಾ? ಬಿಸಿ ಪಾತ್ರೆ ಹಾಗೇ ಒಳಗಿಡುತ್ತೀರಾ? ಕೊನೆಯದಾಗಿ, ಹಗಲು ಮನೆಯಲ್ಲಿ ಯಾರಿರುತ್ತಾರೆ, ಬಾಗಿಲು ಎಷ್ಟು ಸಲ ತೆಗೆಯುತ್ತಾರೆ? ಅರ್ಧಕ್ಕರ್ಧ ದೂರುಗಳು ಈ ಕೊನೆಯ ಪ್ರಶ್ನೆಗೇ ಬಗೆಹರಿಯುತ್ತವೆ. ರಜೆಗೆ ಬಂದ ಮಕ್ಕಳು, ಸೆಖೆ ತಾಳದೆ ಬಾಗಿಲು ತೆರೆದು ಮುಖ ಒಡ್ಡಿ ನಿಲ್ಲುವ ಗಂಡ. ಇಂಥ ಗಂಡಂದಿರೆಂದರೆ ಕಂಪನಿಗೆ ಬಲು ಪ್ರೀತಿ, ಯಾಕೆಂದರೆ ರಿಪೇರಿಯವನನ್ನು ಕಳಿಸದೆಯೇ ದೂರು ಮುಗಿದುಹೋಗುತ್ತದೆ.

ಅಂಥ ಚಿನ್ನಿಯ ಮನೆಯ ಫ್ರಿಜ್ಜೇ ಕೈಕೊಟ್ಟಿತು. ಚಿನ್ನಿ ಅನ್ನುವುದು ಅಮ್ಮ ಇಟ್ಟ ಮುದ್ದಿನ ಹೆಸರು. ನಲವತ್ತು ದಾಟಿ, ಮದುವೆಯೊಂದು ಆಗಿ ಮುಗಿದು, ಕಿವಿಯ ಪಕ್ಕ ಬಿಳಿ ಕೂದಲು ಇಣುಕಿದ ಹೆಂಗಸಿಗೆ ಅದೇನೂ ಒಪ್ಪುವ ಹೆಸರಲ್ಲ. ಆದರೆ ಹಾಗೆ ಕರೆಯಲು ಈಗ ಉಳಿದಿರುವವರು ಇಬ್ಬರೇ, ಅಮ್ಮ ಮತ್ತು ಅಣ್ಣ. ಅವರಲ್ಲಿ ಅಮ್ಮ ಆ ಹೆಸರನ್ನು ಕೆಲವು ದಿನ ಮರೆಯುತ್ತಿದ್ದಳು.

ಮೊದಮೊದಲು ಸಣ್ಣಪುಟ್ಟ ಮರೆವು. ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕುವುದು, ಹೇಳಿದ್ದನ್ನೇ ಹೇಳುವುದು. ಆಮೇಲೊಂದು ದಿನ ಅಮ್ಮ ಖಾಲಿ ಪಾತ್ರೆಯನ್ನು ಒಲೆಯ ಮೇಲಿಟ್ಟು ಮಲಗಿಬಿಟ್ಟಳು. ಪಕ್ಕದ ಮನೆಯವರು ಹೊಗೆ ನೋಡಿ ಕೂಗಿದ್ದರಿಂದ ಬಚಾವಾದಳು. ಚಿನ್ನಿ ಗ್ಯಾಸ್ ಒಲೆ ತೆಗೆಸಿದಳು, ಕರೆಂಟಿನ ಒಲೆ ತಂದಳು, ಆಫೀಸಿಗೆ ಹೋಗುವಾಗ ಅದರ ವೈರನ್ನೂ ಕಪಾಟಿನಲ್ಲಿಟ್ಟಳು. ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಗೊತ್ತು ಮಾಡಿದರೆ ಅಮ್ಮ ಅವಳನ್ನು ಕಳ್ಳಿ ಎಂದು ಪೊರಕೆ ಹಿಡಿದು ಅಟ್ಟಿದಳು. ಮತ್ತೊಂದು ದಿನ ಬೀದಿಗಿಳಿದು ಎಲ್ಲೆಲ್ಲೋ ಹೋಗಿಬಿಟ್ಟಳು. ಅಂದಿನಿಂದ ಚಿನ್ನಿ ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದಳು. ಬೀಗ ಹಾಕಿದ ಮೇಲೆ ಪ್ರತಿದಿನವೂ ಒಂದು ಗಳಿಗೆ ಬಾಗಿಲಿಗೆ ಕಿವಿಯಿಟ್ಟು ಕೇಳುತ್ತಿದ್ದಳು. ಆದರೆ ಹಾಕದೆ ಹೋದರೆ ಆಫೀಸಿನಲ್ಲಿ ಕೂರುವುದು ಹೇಗೆ, ಆಫೀಸಿಗೆ ಹೋಗದಿದ್ದರೆ ಊಟಕ್ಕೇನು?

ಇದೆಲ್ಲ ನಡೆಯುತ್ತಿರುವಾಗಲೇ ಅಮ್ಮ ಕೆಟ್ಟ ಹಾಲು ಕುಡಿದು ಆಸ್ಪತ್ರೆ ಸೇರಿದಳು.

ಅಣ್ಣ ಓಡಿ ಬಂದ. ಅವನು ವಿಮಾ ಕಂಪನಿಯ ಸರ್ವೇಯರ್. ಸುಟ್ಟ ಅಂಗಡಿಯಲ್ಲಿ ಓಡಾಡಿ, ಬೆಂಕಿ ತಾನಾಗಿ ಹತ್ತಿದ್ದೋ ಯಾರಾದರೂ ಹಚ್ಚಿದ್ದೋ ಎಂದು ಹೇಳುವವನು. ಅನುಮಾನವೇ ಅವನ ಕಸುಬು. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ನೇರವಾಗಿ ಹೇಳಿದ.

"ಹಾಲು ಹುಳಿ ವಾಸನೆ ಹೊಡೀತಿತ್ತು, ಅಮ್ಮಂಗೆ ಗೊತ್ತಾಗ್ಲಿಲ್ಲ. ಇನ್ನು ಅವಳನ್ನ ಹಗಲೊತ್ತು ಒಬ್ಬಳನ್ನೇ ಬಿಡೋದು ಬೇಡ ಚಿನ್ನಿ. ನಾನೊಂದು ಕಡೆ ನೋಡಿದೀನಿ. ಇಂಥವರನ್ನೇ ನೋಡ್ಕೊಳ್ಳೋ ಮನೆ. ತಿಂಗಳ ಕೊನೆಗೆ ಒಂದು ಹಾಸಿಗೆ ಖಾಲಿ ಆಗುತ್ತೆ."

"ಫ್ರಿಜ್ ಕೆಟ್ಟಿದೆ ಅಣ್ಣ," ಅಂದಳು ಚಿನ್ನಿ. "ಬೆಳಿಗ್ಗೆ ತಂದ ಹಾಲು ಸಂಜೆಗೆ ಒಡೆದೋಗುತ್ತೆ. ಫ್ರಿಜ್ಜಲ್ಲಿಟ್ಟ ಹಾಲು ಅಂತ ನಂಬಿ ಕುಡಿದಿದಾಳೆ. ನೀನಾದ್ರೂ ಕುಡೀತಿದ್ದೆ."

ಅಣ್ಣ ಸರ್ವೇಯರನ ದನಿಯಲ್ಲೇ ಹೇಳಿದ. "ಸರಿ. ಫ್ರಿಜ್ಜೇ ಕಾರಣ ಅಂತ ತೋರಿಸು. ನಾನು ಬಾಯಿ ಮುಚ್ಕೊಂಡಿರ್ತೀನಿ. ಇಲ್ಲಾಂದ್ರೆ ಆ ಹಾಸಿಗೆ ಅಮ್ಮಂದು."

ಹೀಗೆ ಅಮ್ಮ ಮನೆಯಲ್ಲೇ ಇರುವುದೋ ಬೇರೆಲ್ಲೋ ಹೋಗುವುದೋ ಎಂಬುದು ಆ ಹಳೆಯ ಫ್ರಿಜ್ಜಿನ ಮೇಲೆ ನಿಂತಿತು. ಅದು ಕೆಟ್ಟಿರಲಪ್ಪಾ ಎಂದು ಚಿನ್ನಿ ಬೇಡಿಕೊಂಡಷ್ಟು, ಯಾವ ಗಿರಾಕಿಯೂ ತನ್ನ ಫ್ರಿಜ್ಜು ಸರಿಯಾಗಲಿ ಎಂದು ಬೇಡಿಕೊಂಡಿರಲಾರ.

ಅಮ್ಮ ಮನೆಗೆ ಬಂದ ಮೇಲೆ ಚಿನ್ನಿ ಟೊಂಕ ಕಟ್ಟಿ ನಿಂತಳು. ಫ್ರಿಜ್ಜನ್ನು ಗೋಡೆಯಿಂದ ಮುಂದಕ್ಕೆಳೆದಳು. ಹಿಂದಿನ ಜಾಲರಿಯ ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಕೆರೆದು ತೆಗೆದಳು. ಬಾಗಿಲ ಸಂದಿಗೆ ಕಾಗದ ಸಿಕ್ಕಿಸಿ ಎಳೆದು ನೋಡಿದಳು. ಕಾಗದ ಜಪ್ಪಯ್ಯ ಅಂದರೂ ಬರಲಿಲ್ಲ, ರಬ್ಬರು ಅಷ್ಟು ಬಿಗಿಯಾಗಿತ್ತು. ಸಂಜೆ ಹೊತ್ತು ಫ್ರಿಜ್ಜಿನ ಮುಂದೆ ನೆಲ ಒದ್ದೆಯಾಗಿರುತ್ತಿತ್ತು, ನೀರು ಹೋಗುವ ಕೊಳವೆ ಕಟ್ಟಿರಬೇಕೆಂದು ಅದನ್ನೂ ತೊಳೆದಳು. ಅಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು, ಸಣ್ಣ ಮಕ್ಕಳ ಆಟ ನೋಡುವವಳ ಹಾಗೆ ನೋಡುತ್ತಿದ್ದಳು.

"ಏನೇ ಅದು, ಅದರ ಬೆನ್ನು ಉಜ್ತಾ ಇದೀಯ?"

"ಸ್ನಾನ ಮಾಡಿಸ್ತಿದೀನಮ್ಮ."

"ನೀನು ಚಿಕ್ಕೋಳಿದ್ದಾಗ ಇಷ್ಟು ಸುಮ್ಮನೆ ನಿಲ್ತಿರ್ಲಿಲ್ಲ," ಅಂದಳು ಅಮ್ಮ. ಇಬ್ಬರೂ ನಕ್ಕರು. ಇಂಥ ಹೊತ್ತಿನಲ್ಲಿ ಅಮ್ಮನಿಗೆ ಏನೂ ಆಗಿಲ್ಲ ಎಂದು ಯಾರ ಮುಂದೆ ಬೇಕಾದರೂ ಆಣೆ ಮಾಡಬಹುದಿತ್ತು.

ಚಿನ್ನಿ ಆಫೀಸಿನ ತರಬೇತಿ ಕೋಣೆಯಿಂದ ಥರ್ಮಾಮೀಟರ್ ಕೇಳಿ ತಂದು, ನೀರಿನ ಲೋಟದಲ್ಲಿ ಮುಳುಗಿಸಿ ಫ್ರಿಜ್ಜಿನ ನಡುವಿನ ತಟ್ಟೆಯ ಮೇಲಿಟ್ಟಳು. ಬೆಳಿಗ್ಗೆ ನೋಡಿದರೆ ಕೊರೆಯುವ ತಣ್ಣೀರು. ಸಂಜೆ ಬಂದು ನೋಡಿದರೆ ಲೋಟದ ನೀರು ಹೂಜಿಯ ನೀರಿನಷ್ಟೂ ತಂಪಿಲ್ಲ. ಮರುದಿನವೂ ಅದೇ ಕಥೆ. ಹಗಲು ಕೆಡುತ್ತದೆ, ರಾತ್ರಿ ಸುಧಾರಿಸುತ್ತದೆ. ಹಗಲು ವೋಲ್ಟೇಜು ಕಡಿಮೆ ಇರಬೇಕು ಎಂದುಕೊಂಡು ಸ್ಟೆಬಿಲೈಜರ್ ತಂದಳು. ಕೆಡುವುದು ನಿಲ್ಲಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಬಿಸಿಲು ಬೀಳುತ್ತದೆಂದು ಪರದೆ ಹಾಕಿದಳು. ಅದರಿಂದಲೂ ಏನೂ ಆಗಲಿಲ್ಲ. ಭಾನುವಾರ ಅವಳು ಮನೆಯಲ್ಲೇ ಇದ್ದಳು. ಅವತ್ತು ಬೆಳಗಿನಿಂದ ಸಂಜೆಯವರೆಗೂ ಲೋಟ ಕೊರೆಯುತ್ತಲೇ ಇತ್ತು. ಭಾನುವಾರ ಕಾರ್ಖಾನೆಗಳಿಗೆ ರಜೆ, ಕರೆಂಟು ಚೆನ್ನಾಗಿರುತ್ತದೆ ಎಂದು ಅದಕ್ಕೂ ಒಂದು ಕಾರಣ ಹುಡುಕಿದಳು. ಇದೇ ಮಾತನ್ನು ಫೋನಿನಲ್ಲಿ ಗಿರಾಕಿ ಹೇಳಿದ್ದರೆ ಅವಳು ನಗು ತಡೆದುಕೊಳ್ಳಲು ತುಟಿ ಕಚ್ಚಬೇಕಾಗುತ್ತಿತ್ತು.

ತಾನು ಕೇಳುವ ಪ್ರಶ್ನೆಗಳನ್ನೆಲ್ಲ ಅವಳು ತನ್ನ ಫ್ರಿಜ್ಜಿಗೆ ಕೇಳಿದಳು. ಕೊನೆಯದೊಂದನ್ನು ಮಾತ್ರ ಕೇಳಲಿಲ್ಲ. ಮರೆತಿದ್ದಳು ಎಂದರೆ ಸುಳ್ಳಾಗುತ್ತದೆ. ಬಾಯಿಪಾಠವಾದ ಪ್ರಶ್ನೆ ಮರೆಯುವುದುಂಟೇ?

ಆಫೀಸಿನವರಿಗೆ ಗೊತ್ತಾದರೆ ನಗೆಪಾಟಲಾಗುತ್ತದೆಂದು ಅವಳು ಪಕ್ಕದ ಬೀದಿಯ ಮೆಕ್ಯಾನಿಕ್ಕನ್ನು ಕರೆಸಿದಳು. ಮುಂದಿನ ರಜೆಯ ದಿನ ಅವನು ಬಂದ. ಬಾಯಿ ತುಂಬ ಮಾತಿನ ಮನುಷ್ಯ. ಕಂಪ್ರೆಸರಿನ ಮೇಲೆ ಅಂಗೈ ಇಟ್ಟು, ಮೀಟರಿನ ಇಕ್ಕಳವನ್ನು ವೈರಿಗೆ ಕಚ್ಚಿಸಿ, ಕಿವಿಗೊಟ್ಟು ಕೇಳಿ, ಒಂದು ಲೋಟ ನೀರು ಕುಡಿದು, ತನ್ನ ಮಾವನ ಮನೆಯ ಫ್ರಿಜ್ಜಿನ ಪುರಾಣವನ್ನೆಲ್ಲ ಹೇಳಿ ಕೊನೆಗೆ ತೀರ್ಪು ಕೊಟ್ಟ.

"ಮೇಡಂ, ಗ್ಯಾಸ್ ಸರಿಯಿದೆ, ಕಂಪ್ರೆಸರ್ ಕಲ್ಲಿನ ಹಾಗಿದೆ. ಇನ್ನೂ ಹತ್ತು ವರ್ಷ ಓಡುತ್ತೆ."

ಚಿನ್ನಿಯ ಮುಖ ಕಪ್ಪಿಟ್ಟಿತು. "ಸರಿಯಾಗಿ ನೋಡಿ. ಏನಾದ್ರೂ ಇದ್ದೇ ಇರುತ್ತೆ."

"ಇದ್ರೆ ಹೇಳ್ದೆ ಇರ್ತೀನಾ ಮೇಡಂ, ನಂಗೂ ಸಂಪಾದನೆ ಆಗುತ್ತಲ್ಲ."

"ಥರ್ಮೋಸ್ಟಾಟ್ ಹೋಗಿರಬಹುದು. ಬದಲಾಯಿಸಿಬಿಡಿ."

"ಚೆನ್ನಾಗಿರೋದನ್ನ ಯಾಕೆ…"

"ಬದಲಾಯಿಸಿ ಅಂದ್ನಲ್ಲ."

ಅವನು ತಲೆ ಕೆರೆದುಕೊಂಡು, ಅಂಗಡಿಗೆ ಹೋಗಿ ಹೊಸದು ತಂದು ಹಾಕಿದ. ಸ್ಕ್ರೂ ಬಿಗಿ ಮಾಡುತ್ತ, ಎಲ್ಲ ಮನೆಗಳಲ್ಲೂ ಕೇಳುವ ಹಾಗೆಯೇ ಕೇಳಿದ. "ಹಗಲೊತ್ತು ಮನೇಲಿ ಯಾರಿರ್ತಾರೆ ಮೇಡಂ?"

"ಯಾರೂ ಇರಲ್ಲ," ಅಂದಳು ಚಿನ್ನಿ.

ಅಮ್ಮ ಅಲ್ಲೇ ಕುರ್ಚಿಯ ಮೇಲೆ ಕೂತಿದ್ದಳು. ಮೆಕ್ಯಾನಿಕ್ಕು ಒಮ್ಮೆ ಅಮ್ಮನ ಕಡೆ, ಒಮ್ಮೆ ಚಿನ್ನಿಯ ಕಡೆ ನೋಡಿ, ಸ್ಕ್ರೂ ಡ್ರೈವರನ್ನು ಚೀಲಕ್ಕೆ ಹಾಕಿಕೊಂಡ. ಅಷ್ಟೊಂದು ಮಾತಿನವನು ಮತ್ತೆ ಒಂದು ಮಾತೂ ಆಡದೆ ಎದ್ದು ಹೋದ. ಅಮ್ಮ ಮಾತ್ರ, "ಹೌದಪ್ಪ, ಹಗಲೊತ್ತು ಯಾರೂ ಇರಲ್ಲ, ಬೇಜಾರು," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಚಿನ್ನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸೋಮವಾರ ಸಂಜೆ ಹಾಲು ಮತ್ತೆ ಒಡೆದಿತ್ತು. ಹೊಸ ಥರ್ಮೋಸ್ಟಾಟು, ಹೊಸ ಸ್ಟೆಬಿಲೈಜರು, ಧೂಳು ಕೆರೆದು ತೆಗೆದ ಜಾಲರಿ. ಬದಲಾಯಿಸಲು ಇನ್ನೇನೂ ಉಳಿದಿರಲಿಲ್ಲ. ಒಡೆದ ಹಾಲನ್ನು ಸಿಂಕಿಗೆ ಸುರಿಯುತ್ತ ಅವಳು ನಿಂತಲ್ಲೇ ಅತ್ತಳು. ಅಮ್ಮ ಬಂದು ಬೆನ್ನು ಸವರಿ, "ಹಾಲು ತಾನೇ, ನಾಳೆ ತಂದರಾಯ್ತು ಬಿಡೇ ಚಿನ್ನಿ," ಅಂದಳು. ಆ ದಿನ ಹೆಸರು ನೆನಪಿತ್ತು.

ಮರುದಿನ ಚಿನ್ನಿ ಅರ್ಧ ದಿನ ರಜೆ ಹಾಕಿ ಮಧ್ಯಾಹ್ನವೇ ಮನೆಗೆ ಹೊರಟಳು. ಸದ್ದಾಗದ ಹಾಗೆ ಬೀಗ ತೆಗೆದು ಒಳಗೆ ಬಂದಳು.

ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ಹಾರು ಹೊಡೆದಿತ್ತು. ಅದು ಮುಚ್ಚಿಕೊಳ್ಳದಂತೆ ಅಮ್ಮ ಒಂದು ಸ್ಟೂಲು ಅಡ್ಡ ಇಟ್ಟಿದ್ದಳು. ಪಕ್ಕದಲ್ಲಿ ಕುರ್ಚಿ. ಕುರ್ಚಿಯ ಮೇಲೆ, ತಲೆ ಬಾಚಿಕೊಂಡು, ಒಳ್ಳೆಯ ಬಟ್ಟೆ ಉಟ್ಟುಕೊಂಡು ಅಮ್ಮ ಕೂತಿದ್ದಳು. ಯಂತ್ರ ಒಂದೇ ಸಮನೆ ಗುಂಯ್ಗುಡುತ್ತಿತ್ತು. ಒಳಗಿನ ಮಂಜು ಕರಗಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಅಮ್ಮ ತಿರುಗಿ ನೋಡಿದಳು. ಮುಖದಲ್ಲಿ ಗಾಬರಿಯಿರಲಿಲ್ಲ. ಗುರುತೂ ಇರಲಿಲ್ಲ.

"ಬನ್ನಿ, ಯಾರು ಬೇಕಾಗಿತ್ತು?"

"ಅಮ್ಮ, ಬಾಗಿಲು ಯಾಕೆ ತೆಗೆದಿಟ್ಟಿದೀಯ?"

"ನನ್ನ ಮಗಳು ಸ್ಕೂಲಿಂದ ಬರೋ ಹೊತ್ತು," ಅಮ್ಮ ತಗ್ಗಿದ ದನಿಯಲ್ಲಿ ಹೇಳಿದಳು, ನೆರೆಮನೆಯವರ ಹತ್ತಿರ ಮಾತಾಡುವಂತೆ. "ಬಾಗಿಲು ಹಾಕಿದ್ರೆ ಹೊರಗೆ ನಿಂತು ಅಳ್ತಾಳೆ. ಬೆಲ್ಲು ಅವಳ ಕೈಗೆ ಎಟುಕಲ್ಲ. ಆ ಕಡೆ ಬಾಗಿಲು ಎಷ್ಟು ಎಳೆದ್ರೂ ಬರಲ್ಲ ನೋಡಿ, ಯಾರೋ ಬೀಗ ಹಾಕ್ಬಿಟ್ಟಿದಾರೆ. ಇದೊಂದೇ ತೆಗೆಯೋಕೆ ಬರೋದು. ದೀಪಾನೂ ಇದೆ. ಬೆಳಕು ನೋಡ್ಕೊಂಡು ಬರ್ತಾಳೆ."

ಬೀಗದ ಕೈ ಇನ್ನೂ ಚಿನ್ನಿಯ ಕೈಯಲ್ಲೇ ಇತ್ತು. ಬೆಂಕಿ, ಬೀದಿ, ಬಸ್ಸುಗಳ ಭಯಕ್ಕೆ ಅವಳು ಹಾಕಿದ ಬೀಗ ಅದು. ಆ ಬೀಗ ಬಿದ್ದ ಮೇಲೆ ಮನೆಯಲ್ಲಿ ಅಮ್ಮನ ಕೈಗೆ ತೆರೆಯುವ ಬಾಗಿಲು ಒಂದೇ ಉಳಿದಿತ್ತು. ಅವಳು ಮಗಳಿಗಾಗಿ ಅದನ್ನೇ ತೆರೆದು ಕಾಯುತ್ತಿದ್ದಳು, ದಿನವೂ. ಸ್ಕೂಲು ಬಿಡುವ ಹೊತ್ತು ದಾಟಿ, ಯಾಕೆ ಕೂತೆನೆಂಬುದೇ ಮರೆತುಹೋದ ಮೇಲೆ ಸ್ಟೂಲು ಸರಿಸಿ ಎದ್ದು ಹೋಗುತ್ತಿದ್ದಳೇನೋ. ಅಷ್ಟು ಹೊತ್ತಿಗೆ ಹಾಲು ಕೆಟ್ಟಿರುತ್ತಿತ್ತು.

ಚಿನ್ನಿ ಸ್ಟೂಲು ತೆಗೆಯಲು ಬಗ್ಗಿದಳು. ಅಮ್ಮ ಅವಳ ಮಣಿಕಟ್ಟು ಹಿಡಿದಳು. ಎಲುಬಷ್ಟೇ ಉಳಿದ ಆ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ.

"ಬೇಡಿ. ಇನ್ನು ಸ್ವಲ್ಪ ಹೊತ್ತು. ಬಂದ್ಬಿಡ್ತಾಳೆ."

"ನಾನೇ ಅಮ್ಮ. ನಾನು ಬಂದೆ."

ಅಮ್ಮ ಅವಳ ಮುಖವನ್ನೂ ಬಿಳಿ ಕೂದಲನ್ನೂ ಕಣ್ಣಿಟ್ಟು ನೋಡಿದಳು. ಪರರ ದುಃಖಕ್ಕೆ ಮರುಗುವವಳಂತೆ, "ನಿಮ್ಮ ತಾಯೀನೂ ಕಾಯ್ತಿರ್ತಾರಲ್ಲ ಪಾಪ. ಹೋಗಿ ಮನೆಗೆ," ಅಂದಳು.

ಚಿನ್ನಿ ಸ್ಟೂಲನ್ನು ಅಲ್ಲೇ ಬಿಟ್ಟಳು. ಹೊರಗಿನ ಕೋಣೆಗೆ ಬಂದು ಗೋಡೆಗೊರಗಿ ನೆಲದ ಮೇಲೆ ಕೂತಳು. ಬೀಗ ಹಾಕಿದರೆ ಹೀಗೆ. ಹಾಕದಿದ್ದರೆ ಅಮ್ಮ ಬೀದಿಯಲ್ಲಿ ಯಾವುದೋ ಸ್ಕೂಲಿನ ಮುಂದೆ ನಿಂತಿರುತ್ತಾಳೆ. ಫ್ರಿಜ್ಜಿಗೇ ಬೀಗ ಹಾಕಿಸಿದರೆ ಆ ಒಂದು ಬಾಗಿಲೂ ಹೋಗುತ್ತದೆ. ಹೇಗೆ ಲೆಕ್ಕ ಹಾಕಿದರೂ ಅಮ್ಮ ಈ ಮನೆಯಲ್ಲಿ ಉಳಿಯುವ ದಾರಿ ಕಾಣಲಿಲ್ಲ. ಬಹಳ ಹೊತ್ತಾದ ಮೇಲೆ ಅವಳು ಅಣ್ಣನಿಗೆ ಫೋನು ಮಾಡಿದಳು.

"ಅಣ್ಣ, ಫ್ರಿಜ್ ಸರಿಯಿದೆ."

"ಸರಿಯಿದೆ ಅಂದ್ರೆ? ರಿಪೇರಿ ಆಯ್ತಾ?"

"ಇಲ್ಲ. ಅದು ಕೆಟ್ಟೇ ಇರ್ಲಿಲ್ಲ." ಅವಳು ಕಂಡದ್ದನ್ನೆಲ್ಲ ಹೇಳಿದಳು. ಸ್ಟೂಲು, ಕುರ್ಚಿ, ಒಳ್ಳೆಯ ಬಟ್ಟೆ, ಸ್ಕೂಲು, ಬೀಗ. ಒಂದನ್ನೂ ಬಚ್ಚಿಡಲಿಲ್ಲ. ಹೇಳಿ ಮುಗಿಸಿ, ನಾನು ಅವತ್ತೇ ಹೇಳಲಿಲ್ಲವೇ ಎನ್ನುವ ಮಾತಿಗೆ ಕಾದಳು. ಅದನ್ನು ಹೇಳುವ ಹಕ್ಕು ಅಣ್ಣನಿಗಿತ್ತು.

ಅಣ್ಣ ಅದನ್ನು ಹೇಳಲಿಲ್ಲ.

"ಚಿನ್ನಿ," ಅಂದ, "ಆ ಮೆಕ್ಯಾನಿಕ್ಕು ಕಂಪ್ರೆಸರ್ ಸರಿಯಾಗಿ ನೋಡಿದ್ನಾ?"

"ನೋಡಿದ ಅಣ್ಣ."

"ಗ್ಯಾಸು?"

"ಅದನ್ನೂ ನೋಡಿದ."

"ಒಬ್ಬನ ಮಾತು ಕೇಳಿ ತೀರ್ಮಾನ ಮಾಡೋದು ತಪ್ಪು," ಅಂದ ಅಣ್ಣ. ಅವನ ದನಿ ಒಡೆದಿತ್ತು. "ಹಳೇ ಮಷೀನು. ಒಳಗೆ ಏನೋ ಇರುತ್ತೆ, ಮೇಲ್ನೋಟಕ್ಕೆ ಕಾಣಲ್ಲ. ನಂಗೆ ಗೊತ್ತಿರೋ ಒಬ್ಬರಿದಾರೆ, ಭಾಳ ಅನುಭವಸ್ಥರು. ನಾಳೆ ನಾನೇ ಕರ್ಕೊಂಡು ಬರ್ತೀನಿ. ಅವರು ನೋಡ್ಲಿ. ಅಲ್ಲೀವರೆಗೂ ಫ್ರಿಜ್ಜೇ ಕೆಟ್ಟಿದೆ ಅಂತ ಇಟ್ಕೋ."

ಅಣ್ಣ ಅಳುವುದನ್ನು ಅಪ್ಪ ಸತ್ತ ದಿನವೂ ಅವಳು ಕೇಳಿರಲಿಲ್ಲ.

"ಆಗ್ಲಿ ಅಣ್ಣ," ಅಂದಳು ಚಿನ್ನಿ. "ಕರ್ಕೊಂಡು ಬಾ."