ಇವತ್ತಿನ ಮೈಗೆ ಇವತ್ತಿನ ಸೀಟು

ಮಗುವಿನ ಕಾಲ್ಬೆರಳು ಬುಟ್ಟಿಯ ಅಂಚು ದಾಟಿ ಹೊರಗೆ ಬಂದಿತ್ತು. ಆ ಮನೆಯಲ್ಲಿ ನಾಲ್ಕು ವರ್ಷ ಮುಚ್ಚಿಟ್ಟಿದ್ದ ಮಾತೊಂದು ಹೊರಗೆ ಬಂದದ್ದು ಆ ಬೆರಳಿನಿಂದ.

ಬುಟ್ಟಿ ಎಂದರೆ ಎಳೆಗೂಸನ್ನು ಕಾರಿನಲ್ಲಿ ಒರಗಿಸಿ ಪಟ್ಟಿ ಕಟ್ಟುವ, ಮೇಲೆ ಹಿಡಿಕೆಯಿರುವ ಚಿಕ್ಕ ಸೀಟು. ಹುಟ್ಟಿದ ವಾರದಿಂದ ಮೊಮ್ಮಗಳು ಅದರಲ್ಲೇ ಓಡಾಡಿದ್ದಳು. ಈಗ ಅವಳಿಗೆ ಹನ್ನೊಂದು ತಿಂಗಳು. ಸೋಮವಾರದಿಂದ ಅವಳ ತಾಯಿ ಮತ್ತೆ ಬ್ರೆಡ್ಡಿನ ಕಾರ್ಖಾನೆಯ ಕೆಲಸಕ್ಕೆ ಹೋಗಬೇಕು. ದಾರಿಯಲ್ಲಿ ಮಗುವನ್ನು ಶಿಶುವಿಹಾರದಲ್ಲಿ ಬಿಡಬೇಕು. ಗಂಡ ಓಡಿಸುವ ಕಾರಿನಲ್ಲಿ ದಿನಕ್ಕೆ ಎರಡು ಸಲ ಪ್ರಯಾಣ. ಬುಟ್ಟಿಯೋ ಸಾಲದಾಗಿತ್ತು.

ಮಗುವಿನ ಅಜ್ಜ ದರ್ಜಿ. ಮನೆಯ ಮುಂಗೋಣೆಯೇ ಅವರ ಅಂಗಡಿ. ಬೀದಿಯವರು ಅವರನ್ನು ಬೆಳೀಲಿ ಮಾಸ್ಟರು ಎಂದು ಕರೆಯುತ್ತಿದ್ದರು. ಮಕ್ಕಳ ಬಟ್ಟೆಯನ್ನು ಅವರು ಎಂದೂ ಸರಿಯಳತೆಗೆ ಹೊಲಿದವರಲ್ಲ. ತೋಳಿನಲ್ಲಿ ಎರಡು ಬೆರಳು, ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಒಳಗೆ ಮಡಿಚಿ ಬಿಡುವುದು ಅವರ ಪದ್ಧತಿ. ಸಡಿಲವಾಯಿತು ಎಂದು ಯಾವ ತಾಯಿ ಗೊಣಗಿದರೂ ಒಂದೇ ಉತ್ತರ: "ಬೆಳೀಲಿ ಬಿಡಮ್ಮ." ಬಡವರ ಮಕ್ಕಳಿಗೆ ಇದರಿಂದ ಒಳ್ಳೆಯದೇ ಆಗಿತ್ತು. ಒಂದು ಅಂಗಿ ಮೂರು ವರ್ಷ ಬರುತ್ತಿತ್ತು.

ಆ ದಿನ ಮಧ್ಯಾಹ್ನ ಲಸಿಕೆ ಹಾಕುವ ನರ್ಸಮ್ಮ ತನ್ನ ಬಿಳಿ ಕೋಟನ್ನು ಹಿಡಿದುಕೊಂಡು ಬಂದರು.

"ಮಾಸ್ಟರೇ, ಒಳಗೆ ಬಟ್ಟೆ ಬಿಟ್ಟಿದ್ದೀರಲ್ಲ, ಅದನ್ನ ಬಿಚ್ಚಿ ಸ್ವಲ್ಪ ಅಗಲ ಮಾಡಿಕೊಡಿ."

"ನೀವಿನ್ನೂ ಬೆಳೀತಾ ಇದ್ದೀರಾ ತಾಯಿ?"

"ಎತ್ತರ ನಿಂತು ಇಪ್ಪತ್ತು ವರ್ಷ ಆಯ್ತು. ಅಗಲಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ ನೋಡಿ," ಎಂದು ನರ್ಸಮ್ಮ ನಕ್ಕರು.

ಮಾಸ್ಟರು ನಗಲಿಲ್ಲ. ಅವರ ಕಿವಿ ಒಳಕೋಣೆಯ ಕಡೆಗಿತ್ತು. ಅಲ್ಲಿ ಮಗನಿಗೂ ಸೊಸೆಗೂ ಮಾತು ಬೆಳೆದಿತ್ತು.

"ನಂಗೊತ್ತಿಲ್ಲ. ಸೋಮವಾರದ ಒಳಗೆ ಮುಂದಿನ ಅಳತೆಯ ಸೀಟು ಬರಬೇಕು," ಎಂದಳು ಸೊಸೆ. "ಕಾರ್ಖಾನೆಯಲ್ಲಿ ನನ್ನ ಜೊತೆಯವಳೊಬ್ಬಳು ಅವಳ ಮಗನದ್ದು ಕೊಡ್ತೀನಿ ಅಂದಿದ್ದಾಳೆ. ಅಟ್ಟದ ಮೇಲಿದೆಯಂತೆ."

"ಬೇಡ ಅಂದ್ನಲ್ಲ. ಕತ್ತು ನಿಲ್ಲೋವರೆಗೆ ಬುಟ್ಟಿ ಬೇಕಿತ್ತು, ಇಟ್ಕೊಂಡ್ವಿ. ಇನ್ನು ನಿನ್ನ ತೊಡೆ ಮೇಲೆ ಕೂರಿಸ್ಕೋ. ತಾಯಿ ಕೈಗಿಂತ ಭದ್ರ ಏನಿದೆ?"

ನರ್ಸಮ್ಮನಿಗೆ ಸುಮ್ಮನಿರುವ ಅಭ್ಯಾಸ ಇರಲಿಲ್ಲ. "ಏನಪ್ಪಾ," ಎಂದು ಅಲ್ಲಿಂದಲೇ ಕೂಗಿದರು, "ನೀನು ವ್ಯಾನು ಓಡಿಸೋನು. ಜೋರಾಗಿ ಬ್ರೇಕ್ ಹಾಕಿದಾಗ ಹಿಂದಿನ ಹಾಲಿನ ಕ್ರೇಟು ಏನಾಗುತ್ತೆ?"

ಮಗ ಬಾಗಿಲಿಗೆ ಬಂದ. "ಮುಂದಕ್ಕೆ ಜಾರುತ್ತೆ."

"ಅದನ್ನ ಕೈಯಲ್ಲಿ ಹಿಡಿದು ನಿಲ್ಲಿಸ್ತೀಯಾ?"

"ಆಗಲ್ಲ."

"ಒಂಬತ್ತು ಕಿಲೋ ಮಗು ಆ ಗಳಿಗೆಯಲ್ಲಿ ಕ್ರೇಟಿಗಿಂತ ಭಾರ ಆಗುತ್ತೆ. ತಾಯಿ ಪ್ರೀತಿಗೆ ಬಲ ಇದೆ, ಇಲ್ಲ ಅಂದವರು ಯಾರು? ಕೈಗೆ ಇಲ್ಲ."

ಮಗನ ಮುಖ ಕಲ್ಲಾಯಿತು. "ಸಿಸ್ಟರ್, ನಿಮಗೆ ಗೊತ್ತಿಲ್ಲ. ನೀವು ಈ ಕಡೆ ಬಂದು ಎರಡೇ ವರ್ಷ. ನಮಗೆ ಇವಳಿಗಿಂತ ಮುಂಚೆ ಒಬ್ಬ ಮಗ ಇದ್ದ. ನಾಲ್ಕು ವರ್ಷದ ಹಿಂದೆ, ಅವನಿಗಾಗ ಒಂದು ವರ್ಷ ಎರಡು ತಿಂಗಳು. ಸೀಟಿನಲ್ಲೇ ಕೂತಿದ್ದ. ಮುಂದಿನ ಲಾರಿ ನಿಂತುಬಿಡ್ತು, ನಾನು ಬ್ರೇಕ್ ಹಾಕಿದೆ, ಆದರೂ ಹೋಗಿ ಗುದ್ದಿದ್ವಿ. ನನಗೆ ಒಂದು ಗೀರೂ ಇಲ್ಲ. ತಿರುಗಿ ನೋಡಿದರೆ ಸೀಟು ಇದ್ದಲ್ಲೇ ಇತ್ತು. ಮಗು ಇರಲಿಲ್ಲ."

ಸೊಸೆ ಮಗುವನ್ನು ಎದೆಗೊತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

"ಬ್ರೇಕ್ ಹಾಕಿದ್ದು ನನ್ನ ಕಾಲು," ಎಂದ ಮಗ. "ಅದು ನನ್ನ ಪಾಲಿಗಿರಲಿ. ಆದರೆ ಸೀಟು ಹಿಡ್ಕೊಳ್ಳುತ್ತೆ ಅಂತ ಇನ್ನೊಂದು ಸಲ ನಂಬು ಅನ್ಬೇಡಿ."

ನರ್ಸಮ್ಮ ಕೋಟನ್ನು ಮೇಜಿನ ಮೇಲಿಟ್ಟರು. ಆಮೇಲೆ ದನಿ ತಗ್ಗಿಸಿ ಕೇಳಿದರು. "ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಪ್ಪ. ಯಾವ ಕಡೆ ಮುಖ ಮಾಡಿ ಕೂತಿದ್ದ?"

"ಮುಂದಕ್ಕೆ. ಕಾಲು ಮಡಚಿಕೊಳ್ಳುತ್ತೆ ಪಾಪ ಅಂತ."

"ಸೀಟು ಎಷ್ಟು ವರ್ಷದ ಮಗುವಿನದ್ದು?"

"ಐದು ವರ್ಷದವರೆಗೂ ಬರುತ್ತೆ ಅಂತ ತಂದದ್ದು."

"ಪಟ್ಟಿ ಬಿಗಿಯಾಗಿತ್ತಾ? ಮಗುವಿನ ಕೆಳಗೆ, ಬೆನ್ನಿಗೆ, ಏನಾದರೂ ಮೆತ್ತೆ ಇಟ್ಟಿದ್ರಾ?"

"ಅದು ನನಗೆ ಗೊತ್ತಿಲ್ಲ. ಆವತ್ತು ಕೂರಿಸಿದ್ದು ಅಪ್ಪ."

ಕತ್ತರಿ ಮೇಜಿನ ಮೇಲಿತ್ತು. ಮಾಸ್ಟರ ಕೈ ಅದನ್ನು ಒಮ್ಮೆ ತೆರೆದು ಮುಚ್ಚಿತು. ಪ್ರತಿದಿನ ಬೆಳಗ್ಗೆ ಹೊಲಿಗೆಯಂತ್ರಕ್ಕೆ ಎಣ್ಣೆ ಬಿಡುವ ಮೊದಲು ಅವರು ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದರು. ಮನೆಯವರ ಆಯಸ್ಸು, ಅನ್ನ, ಆರೋಗ್ಯ, ಎಲ್ಲವನ್ನೂ ಬೇಡಿಕೊಂಡ ಮೇಲೆ ಒಂದು ಮಾತು ಉಳಿಯುತ್ತಿತ್ತು. ಅದು ನಾಲಿಗೆಯವರೆಗೆ ಬಂದು ನಿಲ್ಲುತ್ತಿತ್ತು. ದೇವರಿಗೆ ಗೊತ್ತಿದ್ದುದನ್ನು ದೇವರಿಗೇ ಹೇಳಲು ಅವರಿಗೆ ನಾಲ್ಕು ವರ್ಷದಿಂದ ಬಾಯಿ ಬಂದಿರಲಿಲ್ಲ.

ಅವರು ಮೇಜಿನ ಕೆಳಗಿನ ಖಾನೆ ಎಳೆದರು. ಗುಂಡಿಯ ಡಬ್ಬಿಗಳ ಹಿಂದಿನಿಂದ ಒಂದು ಪುಟ್ಟ ಮೆತ್ತೆಯನ್ನು ತೆಗೆದು ಮೇಜಿನ ಮೇಲಿಟ್ಟರು. ನೀಲಿ ಬಟ್ಟೆ. ಒಳಗೆ ಎರಡು ಪದರ ಹತ್ತಿ. ಅಂಚಿಗೆ ಹಳದಿ ದಾರದ ಹೊಲಿಗೆ, ಮೂಲೆಯಲ್ಲಿ ಹಳದಿ ಬಟ್ಟೆಯ ಬಾತುಕೋಳಿ. ಅಷ್ಟು ಅಚ್ಚುಕಟ್ಟಾದ ಕೆಲಸ ಅವರು ಅದಕ್ಕೆ ಮೊದಲು ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ.

"ಸೀಟು ದೊಡ್ಡದಾಗಿತ್ತು," ಎಂದರು. "ಮಗು ಒಳಗೆ ಮುಳುಗಿಹೋಗ್ತಿತ್ತು. ಬೆಳೀಲಿ, ಅಲ್ಲಿವರೆಗೆ ಇದಿರಲಿ ಅಂತ ನಾನೇ ಹೊಲಿದು ಬೆನ್ನಿಗೆ ಇಟ್ಟೆ. ಪಟ್ಟಿ ಹೆಗಲ ಮೇಲೆ ಕೆಂಪಗೆ ಗುರುತು ಮಾಡುತ್ತೆ ಅಂತ ಎರಡು ಬೆರಳು ಸಡಿಲ ಬಿಟ್ಟೆ. ಕಾರು ರಿಪೇರಿಗೆ ಹೋದ ದಿನ ನಾನೇ ಹೋಗಿ ಇದನ್ನ ತಗೊಂಡು ಬಂದೆ. ಯಾರ ಕಣ್ಣಿಗೂ ಬೀಳದ ಹಾಗೆ."

ಮಗು ಬಾತುಕೋಳಿಯನ್ನು ನೋಡಿ ಕೈ ಚಾಚಿತು.

ನರ್ಸಮ್ಮ ಮೆತ್ತೆಯನ್ನು ಎತ್ತಿ ಅಂಗೈಯಿಂದ ಮೆಲ್ಲಗೆ ಅದುಮಿದರು. ದಪ್ಪಗಿದ್ದದ್ದು ಚಪ್ಪಟೆಯಾಯಿತು. "ಇದಿದ್ದಾಗ ಪಟ್ಟಿ ಬಿಗಿಯಾಗಿದ್ದ ಹಾಗೆ ಕೈಗೆ ಅನ್ಸುತ್ತೆ ಮಾಸ್ಟರೇ. ಗುದ್ದಿದ ಗಳಿಗೆಯಲ್ಲಿ ಹತ್ತಿ ಹೀಗೆ ಇಳಿದುಹೋಗುತ್ತೆ. ಅಷ್ಟೂ ಜಾಗ ಪಟ್ಟಿಗೆ ಸಡಿಲ ಸಿಗುತ್ತೆ. ದಪ್ಪ ಸ್ವೆಟರು ಹಾಕಿದರೂ ಇದೇ ಕಥೆ. ಆವತ್ತು ಇದಿಲ್ಲದಿದ್ದರೆ ಏನಾಗ್ತಿತ್ತು ಅಂತ ಹೇಳೋಕೆ ನಾನು ದೇವರಲ್ಲ. ಆದರೆ ಸೀಟು ಮೋಸ ಮಾಡ್ತು ಅನ್ನೋದು ಬೇಡ. ಸೀಟಿನ ಹಿಡಿತಕ್ಕೆ ಮಗು ಸಿಕ್ಕಿರಲಿಲ್ಲ."

"ನಾಲ್ಕು ವರ್ಷ," ಎಂದ ಮಗ. "ನಾಲ್ಕು ವರ್ಷ ನಾನು ನನ್ನ ಕಾಲನ್ನ ಶಪಿಸ್ಕೊಂಡೆ ಅಪ್ಪಾ. ನೀವು ನೋಡ್ತಾ ಕೂತಿದ್ರಿ."

"ಹೌದಪ್ಪ. ನೋಡ್ತಾ ಕೂತಿದ್ದೆ."

ಮಗ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಸೊಸೆ ಮಾವನ ಮುಖ ನೋಡಲಿಲ್ಲ. ನರ್ಸಮ್ಮನ ಎದುರು ಕೂತು ಅವಳು ಕೇಳಿದ್ದು ಒಂದೇ: "ಈಗ ಇವಳಿಗೆ ಏನು ತರಬೇಕು ಸಿಸ್ಟರ್? ನೆಟ್ಟಗೆ ಹೇಳಿ."

"ಬುಟ್ಟಿ ಸಾಲದು ಅಂತ ಯಾಕೆ ಅನ್ಕೊಂಡೆ?"

"ಕಾಲು ಹೊರಗೆ ಬಂದಿದೆಯಲ್ಲ."

"ಕಾಲು ಬರಲಿ. ಮಗು ಕಾಲು ಮಡಚಿಕೊಂಡು ಹಾಯಾಗಿ ಕೂರುತ್ತೆ, ನಮ್ಮ ಹಾಗೆ ಮಂಡಿನೋವು ಅಂತ ಅಳಲ್ಲ. ನೋಡಬೇಕಾದ್ದು ತಲೆ. ನೆತ್ತಿಯಿಂದ ಸೀಟಿನ ಮೇಲಂಚಿಗೆ ಎರಡು ಬೆರಳು ಜಾಗವೂ ಉಳಿದಿಲ್ಲ ಅಂದರೆ ಅದು ಸಾಲದು. ತೂಕ, ಎತ್ತರ ಎರಡಕ್ಕೂ ಒಂದು ಮಿತಿ ಇರುತ್ತೆ, ಪಕ್ಕದಲ್ಲಿ ಚೀಟಿ ಅಂಟಿಸಿರ್ತಾರೆ. ಯಾವುದು ಮೊದಲು ದಾಟಿದರೂ ಬದಲಾಯಿಸಬೇಕು."

ಸೊಸೆ ಮಗುವನ್ನು ಬುಟ್ಟಿಯಲ್ಲಿ ಕೂರಿಸಿ ನೋಡಿದಳು. ನೆತ್ತಿ ಅಂಚಿಗೆ ತಾಗುವಂತಿತ್ತು.

"ಹಾಗಾದರೆ ಮುಂದಿನದು ಬೇಕು. ಆದರೆ ಮುಂದಿನ ಸೀಟು ಅಂದರೆ ಮುಂದಕ್ಕೆ ಮುಖ ಅಂತಲ್ಲ, ತಿಳೀತಾ? ಎಲ್ಲರೂ ಎಡವೋದು ಅಲ್ಲೇ. ಬುಟ್ಟಿಯಲ್ಲಿ ಕೂರೋ ಹಾಗೇ ಕಾರಿನ ಹಿಂಭಾಗಕ್ಕೆ ಮುಖ ಮಾಡಿಯೇ ಇನ್ನೂ ಬಹಳ ಕಾಲ ಕೂರಿಸಬಹುದಾದ ಸೀಟು ಸಿಗುತ್ತೆ. ಅದನ್ನ ತಗೋ. ಮಗುವಿನ ತಲೆ ಭಾರ, ಕತ್ತು ಎಳೇದು. ಹಾಗೆ ಕೂತರೆ ಏಟನ್ನ ಬೆನ್ನು ಪೂರ್ತಿ ಹಂಚಿಕೊಳ್ಳುತ್ತೆ. ಸೀಟಿನ ಮಿತಿ ಮುಟ್ಟೋವರೆಗೂ ತಿರುಗಿಸಬೇಡ. ಮತ್ತೆ ಕಾರಿನ ಹಿಂದಿನ ಸೀಟಿನಲ್ಲೇ ಇರಲಿ. ಮುಂದೆ ಏರ್‌ಬ್ಯಾಗು ಅಂತ ಗಾಳಿಚೀಲ ಇರುತ್ತೆ, ಅದು ಉಬ್ಬಿ ಹೊಡೆದರೆ ಮಗು ತಡೆಯಲ್ಲ."

"ಆ ಅಟ್ಟದ ಮೇಲಿನದು?"

"ಅದು ಯಾವತ್ತಾದರೂ ಗುದ್ದಿಸಿಕೊಂಡಿದೆಯಾ ಅಂತ ಅಟ್ಟ ಹೇಳುತ್ತಾ? ಎಷ್ಟು ವರ್ಷ ಬಳಸಬಹುದು ಅಂತ ಸೀಟಿನ ಮೇಲೆ ಅಚ್ಚು ಹಾಕಿರ್ತಾರೆ, ಅದೂ ಮುಗಿದಿರಬಹುದು. ಗೊತ್ತಿಲ್ಲದ ಸೀಟು ಬೇಡ." ನರ್ಸಮ್ಮ ಮಾಸ್ಟರ ಕಡೆ ತಿರುಗಿದರು. "ಪಟ್ಟಿ ನೋಡೋದು ನಿಮಗೆ ಹೇಳಿಕೊಡಬೇಕಿಲ್ಲ ಮಾಸ್ಟರೇ. ಅಂಗಿಯ ಹೆಗಲು ಸಡಿಲ ಇದೆಯಾ ಅಂತ ಹೇಗೆ ನೋಡ್ತೀರಿ?"

"ಚಿವುಟಿ ನೋಡ್ತೀನಿ. ಮಡಿಕೆ ಬೆರಳಿಗೆ ಸಿಕ್ಕರೆ ಸಡಿಲ."

"ಇದಕ್ಕೂ ಅದೇ. ಹೆಗಲ ಹತ್ತಿರ ಪಟ್ಟಿಯನ್ನ ಚಿವುಟಿ. ಮಡಿಕೆ ಸಿಗಬಾರದು."

ಮಾಸ್ಟರು ತಮ್ಮ ಹೆಬ್ಬೆರಳು ತೋರುಬೆರಳನ್ನು ನೋಡಿಕೊಂಡರು. ಐವತ್ತು ವರ್ಷ ಸಾವಿರಾರು ಹೆಗಲುಗಳನ್ನು ಚಿವುಟಿ ನೋಡಿದ ಬೆರಳುಗಳು. ಆವತ್ತೊಂದು ದಿನ ಮಾತ್ರ ಅವು ಆ ಕೆಲಸ ಮಾಡಿರಲಿಲ್ಲ. ಗೊತ್ತಿಲ್ಲದವನು ತಪ್ಪಿದರೆ ಬೇರೆ ಮಾತು. ತಮಗೆ ಗೊತ್ತಿತ್ತು. ಪ್ರೀತಿಯಿಂದಲೇ ಮರೆತಿದ್ದರು.

ಭಾನುವಾರ ಬೆಳಗ್ಗೆ ಮಗ ಕಾರು ಒರೆಸುತ್ತಿದ್ದ. ಎರಡು ದಿನದಿಂದ ತಂದೆಯೊಡನೆ ಮಾತಿರಲಿಲ್ಲ. ಬಟ್ಟೆಯನ್ನು ಹಿಂಡುತ್ತ, ತಲೆಯೆತ್ತದೆ ಹೇಳಿದ: "ಟೇಪು ತಗೊಂಡು ಬನ್ನಿ. ಅಂಗಡಿಗೆ ಹೋಗಬೇಕು."

ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ಕೇಳುವ ಮುಖ ಮಾಸ್ಟರಿಗೂ ಇರಲಿಲ್ಲ. ಅವರು ಟೇಪನ್ನು ಕೊರಳಿಗೆ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಮೊಮ್ಮಗಳ ಬುಟ್ಟಿಯ ಪಕ್ಕ ಕೂತರು. ಸೊಸೆ ಮುಂದೆ ಕೂತಳು.

ಅಂಗಡಿಯವನು ಚುರುಕು ಮಾತಿನವನು. "ಹನ್ನೊಂದು ತಿಂಗಳಾ? ಹಾಗಾದರೆ ಇದು ತಗೊಳ್ಳಿ ಯಜಮಾನರೇ. ಮುಂದಕ್ಕೆ ಮುಖ, ಮಗು ರಸ್ತೆ ನೋಡ್ಕೊಂಡು ಹೋಗುತ್ತೆ. ಈಗ ಸ್ವಲ್ಪ ದೊಡ್ಡದಾದರೂ ಬೆಳೆಯೋ ಮಗು ಅಲ್ವಾ..."

"ಬೇಡಪ್ಪ," ಎಂದರು ಬೆಳೀಲಿ ಮಾಸ್ಟರು. ಅವರ ಬಾಯಲ್ಲಿ ಆ ಮಾತು ಕೇಳಿ ಮಗ ತಿರುಗಿ ನೋಡಿದ. "ಅಂಗಿಯಾದರೆ ನೀನು ಹೇಳಿದ್ದು ಸರಿ. ಇದು ಇವತ್ತಿನ ಮೈಗೆ ಇವತ್ತೇ ಸರಿಹೋಗಬೇಕು. ಹಿಂದಕ್ಕೆ ಮುಖ ಮಾಡೋದು ತೋರಿಸು. ನಮ್ಮ ಕಾರಿನಲ್ಲೇ ಇಟ್ಟು ನೋಡಬೇಕು."

ಮೊದಲನೆಯದು ಅವರ ಕಾರಿಗೆ ಕೂರಲಿಲ್ಲ. ಕಟ್ಟಿದ ಮೇಲೂ ಅತ್ತಿತ್ತ ಅಲುಗಾಡಿತು. ಎರಡನೆಯದನ್ನು ಮಗ ಸೀಟಿನ ಜೊತೆ ಬಂದ ಪುಸ್ತಕ ಓದಿಕೊಂಡು ಮಂಡಿಯೂರಿ ಬಿಗಿದ. ಬೆಲ್ಟು ಹಾಯುವ ಜಾಗ ಹಿಡಿದು ಎಳೆದು ನೋಡಿದ. ಅದು ಒಂದಂಗುಲವೂ ಕದಲಲಿಲ್ಲ. ಸೊಸೆ ಮಗುವಿನ ಸ್ವೆಟರು ಬಿಚ್ಚಿ ಕೂರಿಸಿದಳು. ಹೆಗಲ ಪಟ್ಟಿ ಹೆಗಲಿನ ಮಟ್ಟಕ್ಕಿಂತ ತುಸು ಕೆಳಗಿನಿಂದ ಹೊರಡುವ ಹಾಗೆ ಸರಿಮಾಡಿದಳು. ಚಳಿ ಎನಿಸಿದರೆ ಇರಲಿ ಎಂದು ಹೊದಿಕೆಯನ್ನು ಪಟ್ಟಿಯ ಮೇಲಿಂದ ಹೊದಿಸಿದಳು, ಕೆಳಗಲ್ಲ.

ಮಾಸ್ಟರು ದೂರ ನಿಂತಿದ್ದರು. ಮಗ ಕರೆದ. "ಅಪ್ಪಾ, ನೀವು ನೋಡಿ."

ಅವರು ಬಗ್ಗಿದರು. ಹೊದಿಕೆ ಸರಿಸಿ ಮಗುವಿನ ಹೆಗಲ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿದರು. ಬೆರಳು ಜಾರಿತು. ಇನ್ನೊಮ್ಮೆ ಚಿವುಟಿದರು. ಜಾರಿತು. ಮಡಿಕೆ ಸಿಗಲಿಲ್ಲ.

"ದೇವರೇ," ಎಂದರು. ನಾಲ್ಕು ವರ್ಷ ನಾಲಿಗೆಯಲ್ಲಿ ನಿಂತಿದ್ದ ಮಾತು ಅದರ ಹಿಂದೆಯೇ ಹೊರಟುಬಂತು. "ನನ್ನನ್ನು ಕ್ಷಮಿಸು."

ಮೊಮ್ಮಗಳು ಅವರ ಕೊರಳ ಟೇಪನ್ನು ಹಿಡಿದು ಎಳೆದಳು.

"ಎರಡು ವರ್ಷಕ್ಕೆ ಇದೂ ಸಾಲದಾದರೆ?" ಎಂದಳು ಸೊಸೆ, ಯಾರಿಗೆಂದಿಲ್ಲದೆ.

ಮಗ ಬಾಗಿಲು ಮುಚ್ಚುತ್ತ ಹೇಳಿದ: "ಬೆಳೀಲಿ. ಆವಾಗ ಬೇರೆ ತರೋಣ."

ಇದನ್ನು ಓದುತ್ತಿರುವ ತಾಯಿ, ತಂದೆ, ಅಜ್ಜ, ಅಜ್ಜಿಯರೇ, ನಿಮ್ಮ ಮನೆಯ ಮಗುವಿಗೆ ನೀವು ಬಯಸುವುದು ಒಳ್ಳೆಯದನ್ನೇ. ಮಾಸ್ಟರೂ ಅದನ್ನೇ ಬಯಸಿದ್ದರು. ಆದ್ದರಿಂದ ಬಯಸಿದರೆ ಸಾಲದು, ಅಳೆದು ನೋಡಿ. ಮಗುವಿನ ತೂಕ, ಎತ್ತರ ತಿಳಿದುಕೊಂಡು ಸೀಟಿನ ಚೀಟಿಯನ್ನು ಓದಿ. ಅನುಮಾನ ಬಂದರೆ ಲಸಿಕೆಗೆ ಹೋದ ದಿನ ನರ್ಸಮ್ಮನನ್ನು ಕೇಳಿ. ಕೇಳಿದರೆ ಯಾರೂ ನಗುವುದಿಲ್ಲ. ಸೀಟಿನ ಜೊತೆಗೆ ಬಾರದ ದಿಂಬು, ಮೆತ್ತೆ, ಎಷ್ಟೇ ಪ್ರೀತಿಯಿಂದ ಹೊಲಿದದ್ದಾದರೂ ಒಳಗಿಡಬೇಡಿ. ನಾಳೆ ಕಾರು ಹೊರಡುವ ಮುಂಚೆ, ಪಕ್ಕದ ಅಂಗಡಿಯವರೆಗೇ ಆಗಲಿ, ಹೆಗಲ ಪಟ್ಟಿಯನ್ನು ಒಮ್ಮೆ ಚಿವುಟಿ ನೋಡಿ. ಹೇಳದೆ ಮುಚ್ಚಿಟ್ಟ ತಪ್ಪೇನಾದರೂ ನಿಮ್ಮಲ್ಲಿದ್ದರೆ ಅದನ್ನೂ ಇವತ್ತೇ ಹೇಳಿ. ಇನ್ನೊಂದು ಮನೆಯ ಮಗುವಿಗೆ ಅದರಿಂದ ಉಪಕಾರವಾದೀತು.

ಆ ನೀಲಿ ಮೆತ್ತೆ ಈಗ ಖಾನೆಯಲ್ಲಿಲ್ಲ. ಮಾಸ್ಟರು ಅದನ್ನು ಅಂಗಡಿಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದಾರೆ. ಅಳತೆ ಕೊಡಲು ಬಂದ ತಾಯಂದಿರು ಬಾತುಕೋಳಿ ಚೆನ್ನಾಗಿದೆ, ಒಂದು ಹೊಲಿದುಕೊಡಿ ಎನ್ನುತ್ತಾರೆ. ಅವರು ಕತ್ತರಿ ಕೆಳಗಿಟ್ಟು, "ಕೂತ್ಕೋಮ್ಮ, ಹೇಳ್ತೀನಿ," ಎನ್ನುತ್ತಾರೆ.