ಪಾರ್ವತೆಮ್ಮನ ಮನೆಯ ಬಾಣಂತನ

ಮಗಳಿಗೆ ದಿನ ತುಂಬುವ ಮೊದಲೇ ಪಾರ್ವತೆಮ್ಮ ಬಾಣಂತನಕ್ಕೆ ಟೊಂಕ ಕಟ್ಟಿ ನಿಂತಿದ್ದಳು. ಲಿಂಗಸುಗೂರಿನ ಅಣ್ಣನಿಗೆ ಹೇಳಿ ಒಣಕೊಬ್ಬರಿ ತರಿಸಿದ್ದಳು. ಅಂಟು, ಉತ್ತತ್ತಿ, ಬದಾಮಿ, ಗಸಗಸೆಗಳನ್ನು ತಾನೇ ಬಜಾರಿಗೆ ಹೋಗಿ, ಮೂಸಿ ನೋಡಿ, ಕಡಿದು ನೋಡಿ, ಅಂಗಡಿಯವನ ತಲೆ ತಿಂದು ಆರಿಸಿ ತಂದು ಡಬ್ಬಿಗಳಲ್ಲಿ ತುಂಬಿಟ್ಟಿದ್ದಳು. ಹುಟ್ಟುವ ಕೂಸಿಗೆ ಕೌದಿ ಹೊಲಿಯಬೇಕಲ್ಲ, ಅದಕ್ಕೆಂದು ತನ್ನ ಹಳೆಯ ನೂಲಿನ ಸೀರೆಗಳನ್ನು ಒಗೆದು ಒಣಗಿಸಿ, ಸುಲ್ತಾನ್ ಬಜಾರಿನ ದರ್ಜಿಯಿಂದ ಬೇಡಿ ತಂದ ಬಣ್ಣದ ತುಂಡುಗಳ ಜೊತೆ ಗಂಟು ಕಟ್ಟಿ ಮಂಚದ ಕೆಳಗೆ ಸರಿಸಿದ್ದಳು. ಒಬ್ಬಳೇ ಮಗಳು. ಈ ಬಾಣಂತನದಲ್ಲಿ ಯಾರೂ ತನ್ನ ಕಡೆ ಬೆರಳು ತೋರಿಸಬಾರದು ಎಂಬುದು ಅವಳ ಹಟವಾಗಿತ್ತು.

ಮಗಳು ಶಾಂಭವಿ ಮಾದಾಪುರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ಆ ದಿಕ್ಕಿನಲ್ಲಿ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳು ಎದ್ದು ನಿಲ್ಲುತ್ತಿದ್ದ ವರ್ಷಗಳವು. ಗಂಡ ನಿಶಾಂತನದೂ ಅಲ್ಲೇ ಇನ್ನೊಂದು ಕಂಪನಿ. ಹಗಲಿಗಿಂತ ರಾತ್ರಿಯೇ ಅವನಿಗೆ ಕೆಲಸ ಜಾಸ್ತಿ. ಹೆರಿಗೆಗೆ ಶಾಂಭವಿ ಅದೇ ಊರಿನ ಕೋಠಿಯ ಹಿಂದಿನ ಗಲ್ಲಿಯಲ್ಲಿದ್ದ ತವರಿಗೆ ಬಂದಳು. ನೋವು ಕಾಣಿಸಿಕೊಂಡ ದಿನವೂ ಯಾರಿಗೋ ಫೋನಿನಲ್ಲಿ ಇಂಗ್ಲಿಷಿನಲ್ಲಿ ಕೆಲಸ ಒಪ್ಪಿಸುತ್ತಲೇ ಆಟೋ ಹತ್ತಿದಳು. ಹೆಣ್ಣು ಕೂಸು ಹುಟ್ಟಿತು. ತಲೆ ತುಂಬ ಕೂದಲು, ಅಜ್ಜನದೇ ಮೂಗು.

ಬಾಣಂತಿ, ಕೂಸು ಮನೆಗೆ ಬಂದ ದಿನ ಪಾರ್ವತೆಮ್ಮ ಹೊಸ್ತಿಲಲ್ಲಿ ನಿಲ್ಲಿಸಿ ಆರತಿ ಎತ್ತಿದಳು. ಯಾರ ದೃಷ್ಟಿಯೂ ತಾಗದಿರಲಿ ಎಂದು ಕೆಂಪು ನೀರನ್ನು ನಿವಾಳಿಸಿ ಮೆಟ್ಟಿಲ ಮೇಲೆ ಚೆಲ್ಲಿದಳು. ಚೆಲ್ಲಿ ಬಂದವಳಿಗೆ ಒಂದು ಕ್ಷಣವೂ ನಿಲ್ಲುವ ವ್ಯವಧಾನವಿರಲಿಲ್ಲ. ಕೆಳಗೆ ಆಟೋದಲ್ಲಿ ಉಳಿದ ಚೀಲ ತರಲು ಓಡಿದಳು. ತಾನೇ ಚೆಲ್ಲಿದ ನೀರಿನ ಮೇಲೆ ಕಾಲು ಜಾರಿತು. ಬಿದ್ದವಳು ಮೊದಲು ನಕ್ಕಳು. ಏಳಲು ಬಲಗೈ ಊರಿದಾಗ ಕಣ್ಣಿಗೆ ಕತ್ತಲೆ ಬಂತು. ಮುಂಗೈ ಎಲುಬು ಮುರಿದಿತ್ತು. ಸಂಜೆಯ ಹೊತ್ತಿಗೆ ಮೊಣಕೈವರೆಗೆ ಪ್ಲಾಸ್ಟರು ಹಾಕಿಸಿಕೊಂಡು, ಕೊರಳಿಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಬಂದಳು.

ಈಗ ಬಾಣಂತನ ಮಾಡುವವರು ಯಾರು? ಕೂಸಿಗೆ ಎಣ್ಣೆ ತಿಕ್ಕಿ ಎರೆಯಲು ಗಲ್ಲಿಯ ಸುಂದರಾಬಾಯಿ ಬೆಳಿಗ್ಗೆ ಬಂದು ಹೋಗುತ್ತೇನೆಂದಳು. ಅಡುಗೆಯ ಮಾತು ಬಂತು. ಕಲಬುರಗಿಯಿಂದ ಬೀಗತಿ ಗುರುದೇವಿ ಫೋನು ಮಾಡಿ, ಬೇಕಾದರೆ ತಾನೇ ಬಂದು ನಿಲ್ಲುತ್ತೇನೆ ಎಂದರು. ಪಾರ್ವತೆಮ್ಮನಿಗೆ ಕೈ ಮುರಿದದ್ದಕ್ಕಿಂತ ಆ ಮಾತೇ ಹೆಚ್ಚು ನೋಯಿಸಿತು. ಅವಳು ಬಾಯಿ ತೆರೆಯುವ ಮೊದಲೇ ಅವಳ ಗಂಡ ಭೀಮಾಶಂಕರ ಫೋನು ತೆಗೆದುಕೊಂಡು, ಏನೂ ತೊಂದರೆಯಿಲ್ಲ, ನಾಮಕರಣಕ್ಕೆ ಬಂದರೆ ಸಾಕು, ಇಲ್ಲಿ ಎಲ್ಲ ನಡೆಯುತ್ತದೆ ಎಂದುಬಿಟ್ಟ.

"ಯಾರು ನಡಸವ್ರು?" ಪಾರ್ವತೆಮ್ಮ ಕೇಳಿದಳು.

"ನಾ ಅದೀನಲ್ಲ."

ಭೀಮಾಶಂಕರ ವಿದ್ಯುತ್ ಇಲಾಖೆಯಲ್ಲಿ ಲೆಕ್ಕದ ಕೆಲಸ ಮಾಡಿ ಹಿಂದಿನ ವರ್ಷವಷ್ಟೇ ನಿವೃತ್ತನಾಗಿದ್ದ. ಅಡುಗೆಮನೆಯ ಪರಿಚಯವೆಂದರೆ ಅವನಿಗೆ ಚಹಾದವರೆಗೆ. ಅದರಲ್ಲೂ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳಿಯೇ ಮಾಡುತ್ತಿದ್ದ. ಪಾರ್ವತೆಮ್ಮ ಅಡುಗೆಮನೆಯ ಬಾಗಿಲಿಗೆ ಸ್ಟೂಲು ಹಾಕಿಸಿಕೊಂಡು ಕೂತಳು. ಅವಳು ಹೇಳುವುದು, ಅವನು ಮಾಡುವುದು ಎಂದು ಒಪ್ಪಂದವಾಯಿತು.

ಮೊದಲ ದಿನ ಸಬ್ಬಸಗಿ ಸೊಪ್ಪನ್ನು ತೊಳೆಯದೆ ಹೆಚ್ಚಿದ. ಎರಡನೆಯ ಸಲ ಮೂರು ನೀರಿನಲ್ಲಿ ತೊಳೆದು ಅದರ ಘಮವನ್ನೂ ಹರಿಸಿಬಿಟ್ಟ. ರೊಟ್ಟಿ ಬಡಿಯಲು ಹೋದರೆ ಹಿಟ್ಟು ಕೈಗೆ ಅಂಟಿತು, ಕೈ ಕೊಡವಿದರೆ ಗೋಡೆಗೆ ಅಂಟಿತು. ಹೆಂಚಿಗೆ ಹಾಕುವಷ್ಟರಲ್ಲಿ ರೊಟ್ಟಿ ಮೂರು ತುಂಡಾಯಿತು. ಅವನ್ನು ತಾಟಿನಲ್ಲಿ ಒಂದಕ್ಕೊಂದು ಕೂಡಿಸಿಟ್ಟು ಮಗಳ ಮುಂದೆ ತಂದಿಟ್ಟಾಗ ಶಾಂಭವಿ ಅಷ್ಟನ್ನೂ ಉಂಡಳು. ಹಾಲಿನಲ್ಲಿ ಮುರಿದು ತಿನ್ನುವುದು ಸುಲಭವಾಯಿತು ಎಂದು ಅಪ್ಪನಿಗೆ ಸಮಾಧಾನ ಬೇರೆ ಹೇಳಿದಳು.

ಅಂಟಿನ ಉಂಡೆಯ ದಿನ ಮಾತ್ರ ಯಾರಿಗೂ ನಗು ತಡೆಯಲಾಗಲಿಲ್ಲ. ಅಂಟನ್ನು ತುಪ್ಪದಲ್ಲಿ ಅರಳಿಸುವವರೆಗೆ, ಕೊಬ್ಬರಿ ಹುರಿಯುವವರೆಗೆ ಎಲ್ಲ ಚೆನ್ನಾಗಿ ನಡೆದಿತ್ತು. ಬೆಲ್ಲದ ಪಾಕ ಒಲೆಯ ಮೇಲಿತ್ತು. ಒಂದು ಹನಿ ನೀರಿಗೆ ಬಿಟ್ಟು, ಬೆರಳಿಗೆ ಮೆತ್ತಗೆ ಉಂಡೆಯಾದರೆ ಇಳಿಸಬೇಕು ಎಂದು ಪಾರ್ವತೆಮ್ಮ ಹೇಳುತ್ತಿದ್ದಳು. ಅಷ್ಟರಲ್ಲಿ ಒಳಗೆ ಕೂಸು ಅತ್ತಿತು. ಇಬ್ಬರೂ ಎದ್ದು ಓಡಿದರು. ಮರಳಿ ಬಂದಾಗ ಪಾಕ ಕಡುಗಂದು ಬಣ್ಣಕ್ಕೆ ತಿರುಗಿತ್ತು. ಆದರೂ ಅಷ್ಟು ತುಪ್ಪ, ಅಷ್ಟು ಬದಾಮಿ ಹಾಳಾಗಬಾರದೆಂದು ಭೀಮಾಶಂಕರ ಎಲ್ಲವನ್ನೂ ಸುರಿದು ಕಲಸಿದ. ಅದು ಬಾಣಲೆಯ ತಳಕ್ಕೆ ಕಚ್ಚಿ ಕಲ್ಲಾಯಿತು. ಕುಟ್ಟಾಣಿಯ ಗುಂಡಿನಿಂದ ಅವನು ಅದನ್ನು ಒಡೆಯುವ ಸದ್ದಿಗೆ ಕೆಳಗಿನ ಮನೆಯ ತೆಲುಗು ಹೆಂಗಸು ಮೆಟ್ಟಿಲು ಹತ್ತಿ ಬಂದು, ಬಾಣಂತಿ ಇರುವ ಮನೆಯಲ್ಲಿ ಗೋಡೆ ಯಾಕೆ ಒಡೆಸುತ್ತೀರಿ ಎಂದು ಕೇಳಿದಳು. ಶಾಂಭವಿ ಹೊಟ್ಟೆ ಹಿಡಿದುಕೊಂಡು, ನಗಿಸಬೇಡಿ, ಹೆರಿಗೆಯಲ್ಲಿ ಹಾಕಿದ ಹೊಲಿಗೆ ಎಳೆಯುತ್ತದೆ ಎಂದು ಬೇಡಿಕೊಂಡಳು. ಆ ವಾರವೆಲ್ಲ ಮನೆಮಂದಿ ಅದರ ಚೂರುಗಳನ್ನು ಪೆಪ್ಪರಮೆಂಟಿನಂತೆ ಚೀಪಿದರು.

ಮುಂದಿನ ಸಲ ಭೀಮಾಶಂಕರ ಪಾಕದ ಮುಂದಿನಿಂದ ಕದಲಲಿಲ್ಲ. ಉಂಡೆ ಬಂತು. ಬಾಯಿಗಿಟ್ಟರೆ ಕರಗುವಂಥ ಉಂಡೆ. ರೊಟ್ಟಿಯೂ ದಿನದಿನಕ್ಕೆ ದುಂಡಗಾಗುತ್ತ ಬಂತು. ಬಾಣಂತಿಗೆ ಕೊಡುವ ಅಳವಿ ಬೀಜದ ಪಾಯಸವನ್ನಂತೂ ಹೇಳಿಸಿಕೊಳ್ಳದೆಯೇ ಮಾಡತೊಡಗಿದ. ಲೆಕ್ಕದ ಮನುಷ್ಯ, ಒಮ್ಮೆ ಕೈಗೆ ಹತ್ತಿದ ಅಳತೆ ತಪ್ಪುತ್ತಿರಲಿಲ್ಲ. ಕೂಸೂ ಅವನ ಎದೆಯ ಮೇಲೆ ಮಲಗಿದರೆ ಅಳು ನಿಲ್ಲಿಸುತ್ತಿತ್ತು. ಸುಂದರಾಬಾಯಿ ಕೂಸಿಗೆ ಲೋಬಾನದ ಹೊಗೆ ಹಿಡಿಯುತ್ತ, ಇಂಥ ಅಜ್ಜನನ್ನು ಈ ಗಲ್ಲಿಯಲ್ಲಿ ಕಂಡಿಲ್ಲ ಎಂದು ಹೋದಲ್ಲೆಲ್ಲ ಸಾರಿದಳು.

ಪಾರ್ವತೆಮ್ಮನಿಗೆ ಸಂತೋಷವಾಗಬೇಕಿತ್ತು. ಆಗುತ್ತಲೂ ಇತ್ತು. ಆದರೆ ಸ್ಟೂಲಿನ ಮೇಲೆ ಕೂತಿರುವಾಗ ಅವನು ಏನನ್ನೂ ಕೇಳದೆ ಒಗ್ಗರಣೆ ಹಾಕಿದರೆ ಎದೆಯೊಳಗೆ ಏನೋ ಮುಳ್ಳಾಡಿದಂತಾಗುತ್ತಿತ್ತು. ಕೂಸನ್ನು ಎತ್ತಿಕೊಳ್ಳಲು ಅವಳಿಗೆ ಒಂದು ಕೈ ಸಾಲದು. ಶಾಂಭವಿ ಒಮ್ಮೊಮ್ಮೆ ದಿಂಬಿನ ಮೇಲೆ ಮಲಗಿಸಿ ಅವಳ ತೊಡೆಗೆ ಇಡುತ್ತಿದ್ದಳು. ಆಗ ಕೂಸು ಪ್ಲಾಸ್ಟರಿನಿಂದ ಹೊರಗೆ ಇಣುಕುತ್ತಿದ್ದ ಅಜ್ಜಿಯ ಬೆರಳನ್ನು ಮುಷ್ಟಿಯಲ್ಲಿ ಹಿಡಿಯುತ್ತಿತ್ತು. ಅಷ್ಟೇ ಅವಳ ಪಾಲು. ಕೌದಿಯ ಗಂಟನ್ನು ಮಾತ್ರ ಯಾರೂ ಮುಟ್ಟಕೂಡದು, ಕೈ ಬಿಚ್ಚಿದ ಮೇಲೆ ತಾನೇ ಹೊಲಿಯುತ್ತೇನೆ ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಿದ್ದಳು. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

ನಾಮಕರಣ ಹತ್ತಿರ ಬಂತು. ಒಂದು ಮಧ್ಯಾಹ್ನ ಪಾರ್ವತೆಮ್ಮನಿಗೆ ಜೊಂಪು ಹತ್ತಿತ್ತು. ಎಚ್ಚರವಾಗಿ ಪಡಸಾಲೆಗೆ ಬಂದರೆ, ಗಂಡ ಗಂಟು ಬಿಚ್ಚಿ, ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಕನ್ನಡಕವನ್ನು ಮೂಗಿನ ತುದಿಗಿಳಿಸಿಕೊಂಡು, ಅಂಚಿನಿಂದ ಹೊಲಿಯಲು ಶುರುಮಾಡಿದ್ದ. ಗೇಣುದ್ದ ಹೊಲಿಗೆ ಆಗಿತ್ತು. ಒಂದು ಹೊಲಿಗೆ ಅಕ್ಕಿಯಷ್ಟು, ಇನ್ನೊಂದು ಬೆರಳಿನಷ್ಟು.

ಅವಳು ಗೋಡೆಗೆ ಒರಗಿ ನಿಂತಳು. "ಅದೊಂದಾದ್ರೂ ನನಗ ಬಿಡಬೇಕಿತ್ತು ನೀವು" ಎಂದಳು. ದನಿ ಏರಿರಲಿಲ್ಲ. ಆದರೆ ಭೀಮಾಶಂಕರ ಸೂಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ.

"ನಿನಗ ಹಗುರ ಆಗಲಿ ಅಂತ..."

"ಎಲ್ಲಾ ಹಗುರ ಮಾಡಿಟ್ರಿ. ಅಡಗಿ ನಿಮ್ಮದು, ಕೂಸು ನಿಮ್ಮದು. ನಾ ಏನ್ ಮಾಡ್ಲಿ ಈ ಮನ್ಯಾಗ? ಆರು ತಿಂಗಳಿಂದ ದಾರಿ ಕಾಯ್ದಾಕಿ ನಾನು."

ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಕಣ್ಣಲ್ಲಿ ನೀರು ಬಂದದ್ದು ಅದಕ್ಕೋ, ಕೌದಿಗೋ ತಿಳಿಯಲಿಲ್ಲ. ಭೀಮಾಶಂಕರ ಹೊಲಿದದ್ದನ್ನು ಒಂದೊಂದಾಗಿ ಬಿಚ್ಚತೊಡಗಿದ. ಅರ್ಧ ಬಿಚ್ಚಿದ ಮೇಲೆ, ತಲೆ ಎತ್ತದೆಯೇ ಹೇಳಿದ:

"ನನಗ ತಿಳೀಲಿಲ್ಲ ಪಾರ್ವತಿ. ಬಾ, ಕುಂದ್ರು. ಎಡಗೈ ಐತಲ್ಲ ನಿನಗ. ನೀ ಸೂಜಿ ಚುಚ್ಚು, ನಾ ಎಳೀತೀನಿ."

ಆಗದ ಮಾತು ಎಂದುಕೊಂಡೇ ಅವಳು ಕೂತಳು. ಅವನು ಅರಿವೆಯನ್ನು ಬಿಗಿಯಾಗಿ ಹಿಡಿದ. ಅವಳು ಎಡಗೈಯಿಂದ ಸೂಜಿ ಚುಚ್ಚಿದಳು. ಅವನು ಆಚೆಯಿಂದ ಎಳೆದು, ದಾರ ಬಿಗಿಮಾಡಿ, ಸೂಜಿಯನ್ನು ಮತ್ತೆ ಅವಳ ಕೈಗೆ ಕೊಟ್ಟ. ಮೊದಮೊದಲು ಸೂಜಿ ಅವನ ಬೆರಳಿಗೇ ನೆಟ್ಟಿತು. ಅವನು ಸ್ ಎಂದರೆ ಅವಳು ನಗುತ್ತಿದ್ದಳು. ಬೇಕೆಂದೇ ಚುಚ್ಚುತ್ತೀ ಎಂದು ಅವನು ತಕರಾರು ತೆಗೆಯುತ್ತಿದ್ದ. ಎಷ್ಟೋ ವರ್ಷಗಳಿಂದ ಅವರಿಬ್ಬರೂ ಹಗಲು ಹೊತ್ತಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿರಲಿಲ್ಲ. ಕೂತ ಮೇಲೆ ಮಾತು ಬಂತು. ಶಾಂಭವಿ ಹುಟ್ಟಿದಾಗ ಅವನು ಕೆಲಸದ ಮೇಲೆ ವರಂಗಲ್ಲಿನಲ್ಲಿದ್ದ. ಕೂಸಿನ ಮುಖ ನೋಡಲು ಬಂದಾಗ ಅದು ಆಗಲೇ ನಗುವುದನ್ನು ಕಲಿತಿತ್ತು. ಎಳೆಗೂಸು ಇಷ್ಟು ಹಗುರವಿರುತ್ತದೆ ಎಂದು ಈ ವಯಸ್ಸಿಗೆ ಗೊತ್ತಾಯಿತು ಎಂದು ಅವನು ಹೇಳಿದ. ಅದನ್ನು ಕೇಳಿದ ಮೇಲೆ ಪಾರ್ವತೆಮ್ಮನ ಎದೆಯೊಳಗಿನ ಮುಳ್ಳು ಹೇಗೋ ಮೆತ್ತಗಾಯಿತು.

ಅಂದಿನಿಂದ ದಿನಾ ಊಟದ ಮೇಲೆ ಇಬ್ಬರೂ ಕೌದಿಗೆ ಕೂರುತ್ತಿದ್ದರು. ಹೊಲಿಗೆ ಅಂಚಿನಿಂದ ಸುತ್ತಿ ಸುತ್ತಿ ನಡುವಿಗೆ ಬಂತು. ಕೌದಿಯ ಹೊಟ್ಟೆ ಬರಿದಿರಬಾರದೆಂದು ಅವಳ ತವರಿನ ಕಡೆ ರೂಢಿ. ಕೊನೆಯ ಸುತ್ತು ಮುಚ್ಚುವ ಮುಂಚೆ ಭೀಮಾಶಂಕರ ತಾನು ಬಡಿದ ರೊಟ್ಟಿಯ ಚೂರೊಂದನ್ನು ತಂದು ಒಳಗಿಟ್ಟ. ಸಾಲುಗಳು ಎಲ್ಲೂ ನೆಟ್ಟಗಿರಲಿಲ್ಲ. ಅವಳಿಗೆ ಅದನ್ನು ನೋಡಿದರೆ ಒಮ್ಮೆ ಮುದ್ದು ಬರುತ್ತಿತ್ತು, ಒಮ್ಮೆ ಬೀಗರು ಏನಂದಾರು ಎಂದು ಅಳುಕಾಗುತ್ತಿತ್ತು.

ನಾಮಕರಣದ ಬೆಳಿಗ್ಗೆ ಬೀಗರು ಕಲಬುರಗಿಯಿಂದ ರೈಲಿನಲ್ಲಿ ಬಂದಿಳಿದರು. ಗುರುದೇವಿ ಬಂದವರೇ ಚೀಲದಿಂದ ಒಂದು ಕೌದಿ ತೆಗೆದು ತೊಟ್ಟಿಲಿಗೆ ಹಾಸಿದರು. ಹಸಿರು, ಹಳದಿ, ಕೆಂಪು ಮೂಲೆಗಳು. ಗೆರೆ ಎಳೆದಂಥ ಹೊಲಿಗೆ. ನೆರೆದ ಹೆಂಗಸರೆಲ್ಲ ಮುಟ್ಟಿ ಮುಟ್ಟಿ ನೋಡಿದರು. ಪಾರ್ವತೆಮ್ಮ ತಮ್ಮದನ್ನು ಮಡಚಿ ಟ್ರಂಕಿನ ಹಿಂದೆ ಸರಿಸಿದಳು.

ನಿಶಾಂತನ ತಂಗಿ ಕೂಸಿನ ಕಿವಿಯಲ್ಲಿ ಹೆಸರು ಉಸುರಲು ಬಾಗಿದಳು. ರೂಢಿಯಂತೆ ಹೆಂಗಸರು ಅವಳ ಬೆನ್ನಿಗೆ ಗುದ್ದತೊಡಗಿದರು. ಇಂಚರ ಎಂದು ಅವಳು ಹೇಳಿ ಮುಗಿಸುವುದಕ್ಕೂ ಕೂಸು ಉಚ್ಚೆ ಹೊಯ್ಯುವುದಕ್ಕೂ ಸರಿಹೋಯಿತು. ಹೊಸ ಕೌದಿಯ ಮೇಲೆ ನಟ್ಟನಡುವೆ ಒದ್ದೆ ಹರಡಿತು. ಒಂದು ಗಳಿಗೆ ಎಲ್ಲರೂ ಗುರುದೇವಿಯವರ ಮುಖ ನೋಡಿದರು. ಅವರು ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಾಗ ಮನೆಗೆ ಮನೆಯೇ ನಕ್ಕಿತು.

"ಆತು, ನನ್ನ ಕೌದಿಗೆ ಮೊಮ್ಮಗಳ ಮುದ್ರಿ ಬಿತ್ತು. ಇನ್ನೊಂದು ಇದ್ರ ಕೊಡ್ರಿ ಬೀಗತೇರ" ಎಂದರು.

ಶಾಂಭವಿ ಅಮ್ಮನ ಕಡೆ ನೋಡಿದಳು. ಪಾರ್ವತೆಮ್ಮ ಅಲುಗಲಿಲ್ಲ. ಮಗಳೇ ಹೋಗಿ ಟ್ರಂಕಿನ ಹಿಂದಿನಿಂದ ಕೌದಿ ತಂದಳು. ಗುರುದೇವಿ ಅದನ್ನು ಕೈಯಲ್ಲಿ ಹಿಡಿದು, ತಿರುವಿ, ಬೆಳಕಿಗೆ ಹಿಡಿದು ನೋಡಿದರು. ಇದನ್ನು ಯಾರು ಹೊಲಿದದ್ದು ಎಂದು ಕೇಳಿದರು.

ಗಲ್ಲಿಯಲ್ಲಿ ಯಾರಿಂದಲೋ ಹೊಲಿಸಿದ್ದು ಎನ್ನಬಹುದಿತ್ತು. ಅಡುಗೆಮನೆಯಲ್ಲಿ ಗಂಡ ಹೂರಣ ಅರೆಯುತ್ತಿದ್ದ ಸದ್ದು ನಿಂತದ್ದು ಪಾರ್ವತೆಮ್ಮನಿಗೆ ಕೇಳಿಸಿತು.

"ಇಬ್ರೂ ಕೂಡಿ ಹೊಲದೀವ್ರಿ" ಎಂದಳು. "ನಾನು, ನಮ್ಮ ಮನಿಯವ್ರು. ನನ್ನ ಎಡಗೈ, ಅವರ ಬಲಗೈ. ಮತ್ತ ನೀವು ಮುಂಜಾನಿ ತಿಂದ ಉಂಡಿ ಐತಲ್ಲ, ಅದು ಪೂರಾ ಅವರದ."

ಗುರುದೇವಿ ಬಾಗಿಲಾಚೆ ಕೂತಿದ್ದ ತಮ್ಮ ಯಜಮಾನರ ಕಡೆ ತಿರುಗಿ, "ಕೇಳಿದ್ರೇನು? ನಿಮಗ ನಮ್ಮ ಮನ್ಯಾಗ ಸೂಜಿ ಎಲ್ಲಿ ಇರ್ತೈತಿ ಅನ್ನೂದರ ಗೊತ್ತೇನು?" ಎಂದರು. ಯಜಮಾನರು ಪೇಪರನ್ನು ಮುಖದ ಮೇಲಕ್ಕೆ ಏರಿಸಿಕೊಂಡರು. ಸೊಟ್ಟ ಹೊಲಿಗೆಯ ಕೌದಿಯ ಮೇಲೆ ಇಂಚರ ಕಾಲು ಝಾಡಿಸಿ ಮಲಗಿತು. ಹೋಳಿಗೆ ಬಡಿಸಲು ಭೀಮಾಶಂಕರ ಹೊರಗೆ ಬಂದಾಗ ಅವನ ಕಿವಿಗಳು ಕೆಂಪಾಗಿದ್ದವು. ಹೊರಡುವಾಗ ಗುರುದೇವಿ ಒಂದು ಡಬ್ಬಿ ತುಂಬ ಅಂಟಿನ ಉಂಡೆ ಕಟ್ಟಿಸಿಕೊಂಡೇ ಹೋದರು.

ಕೆಲವು ವಾರಗಳ ನಂತರ ಪ್ಲಾಸ್ಟರು ಬಿಚ್ಚಿದರು. ಕೈ ತೆಳ್ಳಗೆ, ಬಿಳಿಚಿಕೊಂಡಿತ್ತು. ಆಸ್ಪತ್ರೆಯಿಂದ ಆಟೋದಲ್ಲಿ ಬರುವಾಗ ಭೀಮಾಶಂಕರ ಹೊರಗೇ ನೋಡುತ್ತ ಕೂತಿದ್ದ. ಏನಾಯಿತು ಎಂದು ಅವಳು ಎರಡು ಸಲ ಕೇಳಿದ ಮೇಲೆ, ಏನಿಲ್ಲ, ಇನ್ನು ಒಲೆ ನಿನ್ನದು, ನನಗೆ ಪೇಪರ್ ಓದುವುದೇ ಕೆಲಸ ಎಂದ.

ಪಾರ್ವತೆಮ್ಮ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡಳು. ಆ ಕೈಗಳಿಗೆ ಅಡುಗೆಯ ಆಸೆ ಇರಲಿಲ್ಲ; ಅವು ಬೇರೆಯದಕ್ಕೇ ತುಡಿಯುತ್ತಿದ್ದವು.

"ಪೇಪರ್ ಯಾಕ ಓದ್ತೀರಿ? ಹುಡುಗಿ ಇನ್ನೂ ಇಲ್ಲೇ ಇರ್ತಾಳ. ರೊಟ್ಟಿ ನೀವ ಬಡೀರಿ. ನಾ ಕೂಸಿನ್ನ ಎತ್ಕೊಂಡು ಕುಂದ್ರತೀನಿ. ಉಪ್ಪು ಹೆಚ್ಚಾದ್ರ ಮಾತ್ರ ಬೈತೀನಿ."

ಅವನು ಅವಳ ಕಡೆ ತಿರುಗಿ ನೋಡಿದ. ಆಮೇಲೆ ಮುಂದಕ್ಕೆ ಬಾಗಿ, ತರಕಾರಿ ಸಾಲಿನ ಹತ್ತಿರ ಒಂದು ನಿಮಿಷ ನಿಲ್ಲಿಸಪ್ಪ ಎಂದು ಆಟೋದವನಿಗೆ ತೆಲುಗಿನಲ್ಲಿ ಹೇಳಿದ. ಇಳಿದು ಹೋಗಿ ಸಬ್ಬಸಗಿಯ ಸೂಡುಗಳನ್ನು ಒಂದೊಂದಾಗಿ ಎತ್ತಿ ಮೂಸುತ್ತ, ಇದು ನಿನ್ನೆಯದು, ಇದು ಬಲಿತದ್ದು ಎಂದು ಮಾರುವವಳ ಜೊತೆ ವಾದಕ್ಕೆ ನಿಂತ. ಪಾರ್ವತೆಮ್ಮ ಆಟೋದಲ್ಲಿ ಕೂತು, ಅವನು ಬೇಗ ಮುಗಿಸಿ ಬಂದರೆ ಮನೆಗೆ ಹೋಗಿ ಕೂಸನ್ನು ಎತ್ತಿಕೊಳ್ಳಬಹುದಲ್ಲ ಎಂದು ಚಡಪಡಿಸಿದಳು.